ದಾಖಲೆಯ ಅಪ್ಪ

ಕೊಪ್ಪಳದ ರೈಲು ನಿಲ್ದಾಣದ ಹಿಂದೆ ನಿಜಾಮರ ಕಾಲದ ಮುಸಾಫಿರಖಾನೆಯೊಂದಿತ್ತು. ಅದಕ್ಕೆ ಸುಣ್ಣ ಬಳಿದು, ಬಾಗಿಲ ಮೇಲೆ ‘ಕಿಶೋರ ಆಶ್ರಯ’ ಎಂದು ಹಲಗೆ ಹೊಡೆದು, ಊರಿನ ನಾಲ್ಕು ಮಂದಿ ವರ್ತಕರ ಟ್ರಸ್ಟು ನಡೆಸುತ್ತಿತ್ತು. ಹಲಗೆಯ ಮೇಲಿನ ಹೆಸರಿನಿಂದ ಅದನ್ನು ಯಾರೂ ಕರೆಯುತ್ತಿರಲಿಲ್ಲ. ಊರವರ ಬಾಯಲ್ಲಿ ಅದು ಪರದೇಶಿ ಹುಡುಗರ ಮನಿ. ರೈಲಿನಲ್ಲಿ ಮಲಗಿದ್ದಾಗ ಬಿಟ್ಟುಹೋದವರು, ಹುಲಿಗಿಯ ಹುಣ್ಣಿಮೆಯ ಜನಜಂಗುಳಿಯಲ್ಲಿ ಕೈ ತಪ್ಪಿದವರು, ತಪ್ಪಿದ್ದೋ ತಪ್ಪಿಸಿದ್ದೋ ಎಂದು ಕೇಳಬಾರದಂಥವರು, ಎಲ್ಲ ಸೇರಿ ನಲವತ್ತು ಹುಡುಗರು ಅಲ್ಲಿದ್ದರು.

ಆ ನಲವತ್ತು ಮಂದಿಯ ಜೊತೆ ಹಗಲೂ ರಾತ್ರಿ ಇರುತ್ತಿದ್ದವನು ವಿರುಪಣ್ಣ. ಹುಡುಗರು ಅವನನ್ನು ಕಾಕಾ ಎನ್ನುತ್ತಿದ್ದರು. ಅವನಿಗೆ ಬೇರೆ ಹೆಸರಿದೆ ಎಂಬುದೇ ಸಣ್ಣವರಿಗೆ ಗೊತ್ತಿರಲಿಲ್ಲ. ಸಣ್ಣವರಿಗೆ ನೀರೆರೆಯುವುದು, ಕಜ್ಜಿಗೆ ಬೇವಿನೆಣ್ಣೆ ಹಚ್ಚುವುದು, ಹಾಸಿಗೆ ಒದ್ದೆ ಮಾಡಿಕೊಂಡವನ ಚಾದರವನ್ನು ಉಳಿದವರು ಏಳುವ ಮೊದಲೇ ಹಿಂಡಿ ಹಾಕುವುದು, ಮಗ್ಗಿ ಹೇಳಿಸುವುದು, ಪೇಟೆಯಲ್ಲಿ ಬಾಳೆಹಣ್ಣು ಕದ್ದು ಸಿಕ್ಕಿಬಿದ್ದವನನ್ನು ಕೈಮುಗಿದು ಬಿಡಿಸಿ ತರುವುದು ಎಲ್ಲ ಅವನ ಕೆಲಸ. ಅವನು ತಾವರಗೇರಾದ ಒಕ್ಕಲುತನದ ಮನೆಯವನು. ಅರವತ್ನಾಲ್ಕರಲ್ಲಿ ಹೆಂಡತಿ ಹಂಪವ್ವ ಹೆರಿಗೆಯಲ್ಲಿ ತೀರಿಕೊಂಡಳು. ಹುಟ್ಟಿದ ಹೆಣ್ಣು ಕೂಸು ಮೂರು ತಾಸು ಉಸಿರಾಡಿ ಅವ್ವನ ಹಿಂದೆಯೇ ಹೋಯಿತು. ಇಬ್ಬರನ್ನೂ ಒಂದೇ ಕುಣಿಯಲ್ಲಿ ಮಣ್ಣು ಮಾಡಿ ಊರು ಬಿಟ್ಟವನು ಹಬ್ಬಕ್ಕೂ ಅತ್ತ ಮುಖ ಹಾಕಿರಲಿಲ್ಲ. ಅಣ್ಣ ಮುದುಕಪ್ಪ ವರ್ಷಕ್ಕೊಂದು ಕಾರ್ಡು ಬರೆಸುತ್ತಿದ್ದ, ಅಷ್ಟೇ.

ಟ್ರಸ್ಟಿನ ನಿಯಮಗಳಲ್ಲಿ ಎರಡು ಬಹಳ ಬಿಗಿ. ಒಬ್ಬ ಹುಡುಗನ ಮೇಲೆ ಹೆಚ್ಚು ಮಮತೆ ತೋರಿಸಕೂಡದು. ಹದಿನೆಂಟು ತುಂಬಿದವನು ಮೇ ತಿಂಗಳ ಕೊನೆಗೆ ಒಂದು ಟ್ರಂಕು, ಎರಡು ಜೊತೆ ಬಟ್ಟೆ, ಒಂದು ಕೆಲಸದ ಚೀಟಿ ಹಿಡಿದುಕೊಂಡು ಹೊರಡಬೇಕು. ನಿಯಮ ಮಾಡಿದವರು ಸಂಜೆಗೆ ತಮ್ಮ ತಮ್ಮ ಮನೆಗೆ ಹೋಗಿ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದರು. ವಿರುಪಣ್ಣ ಮಾತ್ರ ಎರಡು ಪಡಸಾಲೆಗಳ ನಡುವಿನ ಕದವಿಲ್ಲದ ಕೋಣೆಯಲ್ಲಿ ಮಲಗಿ ಎರಡೂ ಕಡೆಯ ಕೆಮ್ಮು ಕೇಳುತ್ತಿದ್ದ.

ಎಪ್ಪತ್ತನೇ ಇಸವಿಯ ಬೇಸಿಗೆಯಲ್ಲಿ ನಿಲ್ದಾಣದ ಒಬ್ಬ ಹಮಾಲ ಆರೇಳು ವರ್ಷದ ಹುಡುಗನನ್ನು ತಂದು ಬಿಟ್ಟ. ಮಗುವಿಗೆ ಜ್ವರ. ಬಾಯಿಯೇ ಬಿಡಲೊಲ್ಲದು. ತಿರುಪತಿ ಕಡೆಯಿಂದ ಬಂದ ಗಾಡಿಯಲ್ಲಿ ಸಿಕ್ಕನೆಂದು ಹಮಾಲನೇ ಅವನಿಗೆ ತಿರುಪತಿ ಎಂದು ಹೆಸರಿಟ್ಟ. ಎರಡು ತಿಂಗಳು ಆ ಹುಡುಗ ಯಾರ ಹತ್ತಿರವೂ ಸುಳಿಯಲಿಲ್ಲ. ಜೂನಿನಲ್ಲಿ ಸಾಲಿಗೆ ಹೆಸರು ಹಚ್ಚಲು ಕರೆದೊಯ್ಯುವಾಗ, ಹಾದಿಯಲ್ಲಿ ಎತ್ತಿನ ಬಂಡಿ ಎದುರಾಯಿತು ನೋಡಿ, ಆಗ ಹೆದರಿ ವಿರುಪಣ್ಣನ ಕಿರುಬೆರಳು ಹಿಡಿದುಕೊಂಡ. ಬಂಡಿ ದಾಟಿ ಹೋದರೂ ಬಿಡಲಿಲ್ಲ.

ಹೆಡ್‌ಮಾಸ್ತರರು ತಂದೆಯ ಹೆಸರು ಕೇಳಿದರು. ಗೊತ್ತಿಲ್ಲ ಎಂದರೆ ಹಾಗೆಲ್ಲ ಬರೆಯಲು ಬರುವುದಿಲ್ಲ, ಏನಾದರೂ ಒಂದು ಹೇಳು ಎಂದರು. ಬೇರೆ ಹುಡುಗರಿಗೆ ಇಂಥ ಹೊತ್ತಿನಲ್ಲಿ ಬಾಯಿಗೆ ಬಂದ ಹೆಸರು ಹೇಳುತ್ತಿದ್ದ ವಿರುಪಣ್ಣ, ಅವತ್ತು ತನ್ನ ಹೆಸರು ಹೇಳಿಬಿಟ್ಟ. ಹುಟ್ಟಿದ ವರ್ಷ ಕೇಳಿದಾಗ ಅರವತ್ನಾಲ್ಕು ಎಂದ. ಆ ವರ್ಷ ಅವನ ಎದೆಯಲ್ಲಿ ಮೊದಲೇ ಇತ್ತು. ಮಾಸ್ತರರು ತಲೆ ಎತ್ತದೆ ಬರೆದುಕೊಂಡರು.

ಮಾಡಿದ ಮೇಲೆ ಅವನಿಗೆ ಭಯ ಹತ್ತಿತು. ಟ್ರಸ್ಟಿನವರಿಗೆ ತಿಳಿದರೆ ತನ್ನ ಕೆಲಸ ಹೋಗುತ್ತದೆ, ಹುಡುಗನನ್ನು ಬೇರೆ ಎಲ್ಲಿಗೋ ಅಟ್ಟುತ್ತಾರೆ. ಆ ಭಯಕ್ಕೆ ತಿರುಪತಿಯ ಮೇಲೆ ಎಲ್ಲರಿಗಿಂತ ಹೆಚ್ಚು ಬಿರುಸಾದ. ತಪ್ಪಿಗೆ ಉಳಿದವರಿಗೆ ಒಂದು ಏಟಾದರೆ ಅವನಿಗೆ ಎರಡು. ಅಡುಗೆಯ ಮೈಮುನಬಿ, ಆ ಪಾಪದ ಹುಡುಗ ನಿಮಗೇನು ಮಾಡ್ಯಾನ ಎಂದು ಕೇಳಿಯೇ ಬಿಟ್ಟಿದ್ದಳು. ವಿರುಪಣ್ಣ ಅವಳಿಗೆ ನಿನ್ನ ಒಲೆ ನೋಡಿಕೋ ಎಂದ.

ಸಾಲಿಯಲ್ಲಿ ಹಾಜರಿ ಕೂಗುವಾಗ ‘ತಿರುಪತಿ ವಿರುಪಣ್ಣ’ ಎಂದೇ ಕೂಗುತ್ತಿದ್ದರು. ಆ ಎರಡನೆಯ ಹೆಸರು ಯಾರದೆಂದು ಹುಡುಗನಿಗೆ ತಿಳಿದದ್ದು ನಾಲ್ಕನೇ ಇಯತ್ತೆಯಲ್ಲಿ. ತಾವರಗೇರಾದಿಂದ ಬಂದ ಕಾರ್ಡನ್ನು ಪೋಸ್ಟಿನವನು ಇವನ ಕೈಗೆ ಕೊಟ್ಟು ಕಾಕಾಗೆ ಮುಟ್ಟಿಸು ಎಂದ. ಓದಲು ಕಲಿತಿದ್ದವನು ವಿಳಾಸದಲ್ಲಿ ವಿರುಪಣ್ಣ ಎಂಬ ಹೆಸರು ಓದಿದ. ಕಾರ್ಡನ್ನು ಕಾಕಾಗೆ ಕೊಟ್ಟು ಅಲ್ಲೇ ನಿಂತ. ಇನ್ನೂ ಯಾಕೆ ನಿಂತಿದ್ದೀ ಎಂದು ಕಾಕಾ ಗದರಿಸಿದ. ಅವತ್ತಿನಿಂದ ಎಂಟು ವರ್ಷ ಆ ಹುಡುಗ ಕಾದ. ಏಟು ತಿಂದ, ಓದಿದ, ಸಣ್ಣವರಿಗೆ ಮಗ್ಗಿ ಹೇಳಿಸಿದ, ಎಸ್ಸೆಸ್ಸೆಲ್ಸಿ ಎರಡನೇ ಸಲಕ್ಕೆ ಪಾಸಾದ, ಯಾರ ಮುಂದೆಯೂ ಒಂದು ಮಾತು ಆಡಲಿಲ್ಲ. ಇಷ್ಟು ಬಿಗಿದ ಬಾಯಿ ಹುಡುಗರಲ್ಲಿ ಇರಬಾರದು.

ಎಂಬತ್ತೆರಡರ ಮೇ ಮೂವತ್ತರಂದು ವಿರುಪಣ್ಣ ಗಂಗಾವತಿಯ ಅಕ್ಕಿ ಗಿರಣಿಯ ಚೀಟಿ ಹಿಡಿದುಕೊಂಡು ಅವನ ಹತ್ತಿರ ಹೋದ. ತಿರುಪತಿ ಟ್ರಂಕಿನಲ್ಲಿ ಬಟ್ಟೆ ಜೋಡಿಸುತ್ತಿದ್ದ. ಚೀಟಿ ಇಸಿದುಕೊಳ್ಳಲಿಲ್ಲ.

“ಗಂಗಾವತಿ ಆಮ್ಯಾಲಿರಿ ಕಾಕಾ,” ಎಂದ. “ಮೊದಲ ನನ್ನ ತಾವರಗೇರಾಕ್ಕ ಕರ್ಕೊಂಡು ಹೋಗ್ರಿ. ನಮ್ಮ ಮನಿಗೆ.”

ಅದು ನಿನಗೆ ಹೇಗೆ ಗೊತ್ತು ಎಂದು ವಿರುಪಣ್ಣ ಕೇಳಿದ. ಹುಡುಗ ಎಲ್ಲವನ್ನೂ ಹೇಳಿದ. ಕಾರ್ಡು ಓದಿದ್ದು, ಹಿಂದಿನ ದೀಪಾವಳಿ ಸೂಟಿಯಲ್ಲಿ ಯಲಬುರ್ಗಾಕ್ಕೆ ಗೆಳೆಯನ ಊರಿಗೆಂದು ಹೇಳಿ ತಾವರಗೇರಾಕ್ಕೆ ಹೋಗಿ ಬಂದದ್ದು, ಅಲ್ಲಿ ಚಹಾದಂಗಡಿಯ ಮುದುಕನೊಬ್ಬ ಮಾತಿಗೆ ಸಿಕ್ಕಿದ್ದು. ವಿರುಪಣ್ಣನ ಹೆಂಡತಿ ಅರವತ್ನಾಲ್ಕರಲ್ಲಿ ಹಡೆಯುವಾಗ ಸತ್ತಳು, ಕೂಸೂ ಉಳಿಯಲಿಲ್ಲ ಅಂತಾರ, ನಾವೇನು ನೋಡಿಲ್ಲ ಎಂದಿದ್ದನಂತೆ ಆ ಮುದುಕ. ಹುಡುಗ ಆ ‘ಅಂತಾರ’ವನ್ನು ಗಟ್ಟಿಯಾಗಿ ಹಿಡಿದುಕೊಂಡು ವಾಪಸು ಬಂದಿದ್ದ. ತನ್ನ ದಾಖಲೆಯಲ್ಲೂ ಅರವತ್ನಾಲ್ಕೇ ಇತ್ತಲ್ಲ.

ವಿರುಪಣ್ಣ ನಿಜವನ್ನೇ ಹೇಳಿದ. ಸಾಲಿಯಲ್ಲಿ ಒಂದು ಹೆಸರು ಬೇಕಿತ್ತು, ತನ್ನದು ಬರೆಸಿದೆ, ಅದರಾಚೆ ಏನೂ ಇಲ್ಲ ಎಂದ. ಹೇಳುವಾಗ ಧ್ವನಿ ನಡುಗಿತು. ನಡುಗಿದ್ದರಿಂದಲೇ ಹುಡುಗ ನಂಬಲಿಲ್ಲ.

“ನನಗ ಸಿಟ್ಟಿಲ್ರಿ,” ಎಂದ ತಿರುಪತಿ. “ಅವ್ವ ಸತ್ತಳಂತ ನನ್ನ ಮಾರಿ ನೋಡಾಕ ಆಗಲಿಲ್ಲ ನಿಮಗ. ಎಲ್ಲೋ ಬಿಟ್ರಿ. ಮತ್ತ ಮನಸು ತಡೀಲಿಲ್ಲ, ಇಲ್ಲಿ ಬಂದು ಹುಡುಗರನ್ನ ಕಾಯ್ಕೋತ ಕುಂತ್ರಿ. ನಾನೂ ಸಿಕ್ಕೆ. ನಾ ಯಾವತ್ತೋ ಮಾಫ್ ಮಾಡೀನ್ರಿ.”

ಆ ಮುಖ ನೋಡಿದರೆ ಕಲ್ಲಾದರೂ ಇಲ್ಲ ಎನ್ನುತ್ತಿರಲಿಲ್ಲ. ಇಲ್ಲ ಎಂದರೆ ಹುಡುಗನಿಗೆ ಉಳಿಯುವುದೇನು? ಒಂದು ರೈಲು, ಒಂದು ಜ್ವರ, ಹಮಾಲನಿಟ್ಟ ಹೆಸರು. ಹೌದು ಎಂದರೆ ಅವ್ವನಿದ್ದಾಳೆ, ಅವಳ ಸಮಾಧಿಯಿದೆ, ದೊಡ್ಡಪ್ಪನಿದ್ದಾನೆ, ತಪ್ಪು ಮಾಡಿದ ಅಪ್ಪನಿದ್ದಾನೆ. ವಿರುಪಣ್ಣ ಟ್ರಂಕಿನ ಮೇಲೆ ಕುಳಿತು, ಹೌದಪಾ ಎಂದುಬಿಟ್ಟ. ಹನ್ನೆರಡು ವರ್ಷಗಳಲ್ಲಿ ಮೊದಲ ಸಲ ಅವನಿಗೆ ಹೊಟ್ಟೆ ತಣ್ಣಗಾಯಿತು. ಇದರಿಂದ ಯಾರಿಗೆ ಏನು ಕೇಡು, ಇವನು ನನ್ನ ಮಗನೇ ಎಂದುಕೊಂಡ.

ಮರುದಿನ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿದರು. ಕುಷ್ಟಗಿ ಬರುವವರೆಗೂ ಹುಡುಗ ಅವ್ವನ ಬಗ್ಗೆಯೇ ಕೇಳಿದ. ವಿರುಪಣ್ಣ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಹಂಪವ್ವನಿಗೆ ಖಾರ ಎಷ್ಟು ಹಾಕಿದರೂ ಸಾಲುತ್ತಿರಲಿಲ್ಲ. ಎತ್ತುಗಳ ಜೊತೆ ಮನುಷ್ಯರ ಜೊತೆ ಆಡುವಂತೆ ಜಗಳ ಆಡುತ್ತಿದ್ದಳು. ಎಡಗೈಯಲ್ಲಿ ರೊಟ್ಟಿ ಬಡಿಯುತ್ತಿದ್ದಳು, ಅದಕ್ಕೆ ಅತ್ತೆಯ ಕೈಲಿ ಬೈಸಿಕೊಳ್ಳುತ್ತಿದ್ದಳು. ಹದಿನೆಂಟು ವರ್ಷ ಯಾರ ಮುಂದೆಯೂ ಆಡದ ಮಾತುಗಳು ತಾವಾಗಿ ಬಂದವು. ಹುಡುಗ ತನ್ನ ಎಡಗೈ ತಿರುಗಿಸಿ ತಿರುಗಿಸಿ ನೋಡಿಕೊಂಡ. ಕುಷ್ಟಗಿಯಲ್ಲಿ ಬಸ್ಸು ಬದಲಿಸುವಾಗ ಟ್ರಂಕನ್ನು ತಾನೇ ಹೊತ್ತು, ನೀ ಮುಂದ ನಡಿಯಪ್ಪಾ ಎಂದ. ಕಾಕಾ ಎನ್ನಲಿಲ್ಲ. ‘ರಿ’ಯನ್ನೂ ಹಚ್ಚಲಿಲ್ಲ.

ತಾವರಗೇರಾದ ಮನೆಯ ಮುಂದೆ ಮುದುಕಪ್ಪ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ. ತಮ್ಮನನ್ನು ಕಂಡು ಹಗ್ಗ ಬಿಟ್ಟು ಎದ್ದ. ವಿರುಪಣ್ಣ ಹುಡುಗನನ್ನು ಕೈಕಾಲು ತೊಳೆಯಲು ಬಚ್ಚಲಿಗೆ ಕಳಿಸಿ, ಅಣ್ಣನನ್ನು ದನ ಕಟ್ಟುವ ಹಕ್ಕೆಯ ಕಡೆಗೆ ಕರೆದೊಯ್ದು ಎಲ್ಲ ಹೇಳಿದ. ಅಂದು ಸತ್ತದ್ದು ಹೆಣ್ಣೆಂದು ಬಾಯಿ ಬಿಡಬೇಡ, ಕೂಸು ಗಂಡು, ಅದನ್ನು ನಾನೇ ಒಯ್ದು ಎಲ್ಲೋ ಬಿಟ್ಟೆ ಎಂದೇ ಹೇಳು ಎಂದು ಕಾಲು ಹಿಡಿಯಲು ಹೋದ. ಮುದುಕಪ್ಪ ಒಳ್ಳೆಯವನು. ಕೋಣದ ಬೆನ್ನು ಸವರುತ್ತ, ಆಗಲಿ, ಮನೆಯಲ್ಲಿ ಇನ್ನೊಂದು ತಾಟು ಹೆಚ್ಚಾದರೆ ಭಾರವೇನಿಲ್ಲ ಎಂದ. ಅಣ್ಣತಮ್ಮಂದಿರು ಕಣ್ಣೊರೆಸಿಕೊಂಡು ಒಳಗೆ ಹೋದರು.

ಗಂಡಸರ ಬುದ್ಧಿ ಇಷ್ಟೇ ನೋಡಿ. ಹಕ್ಕೆಯಲ್ಲಿ ನಿಂತು ಇಡೀ ಸಂಸಾರವನ್ನು ತಿದ್ದಿ ಬರೆದರು. ಒಲೆಯ ಮುಂದೆ ಒಬ್ಬಳಿದ್ದಾಳೆ, ಅವಳಿಗೂ ಒಂದು ಮಾತು ಹೇಳಬೇಕೆಂದು ಇಬ್ಬರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಹದಿನೆಂಟು ವರ್ಷದ ಹಿಂದೆ ಆ ಬಾಣಂತಿ ಕೋಣೆಯಲ್ಲಿದ್ದವಳು, ಕೂಸಿನ ಹೊಕ್ಕುಳಬಳ್ಳಿ ಕತ್ತರಿಸಿದವಳು, ಮೂರು ತಾಸಾದ ಮೇಲೆ ಅದಕ್ಕೆ ನೀರೆರೆದು ಅವ್ವನ ಎದೆಯ ಮೇಲೆ ಮಲಗಿಸಿದವಳು ಮುದುಕಪ್ಪನ ಹೆಂಡತಿ ಮಾರೆವ್ವ.

ಮಾರೆವ್ವ ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಹುಡುಗ ಯಾರೆಂದು ಕೇಳಿದಳು. ವಿರುಪಣ್ಣ ತಲೆ ಎತ್ತಿ, ನನ್ನ ಮಗ ಎಂದ. ಹುಡುಗನ ಕಿವಿ ಕೆಂಪಾದವು. ಮಾರೆವ್ವ ಇವನನ್ನೂ ಅವನನ್ನೂ ನೋಡಿದಳು. ಒಂಟಿ ಜೀವ ಕಡೆಗಾದರೂ ಒಂದು ಮಗುವನ್ನು ಸಾಕಿಕೊಂಡಿತಲ್ಲ ಎಂದು ಅವಳ ಕಣ್ಣು ತುಂಬಿತು. ಹುಡುಗನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, ತಲೆ ಸವರಿದಳು.

“ಭಾಳ ಛಲೋ ಆತು ನೋಡು ವಿರುಪಣ್ಣ,” ಎಂದಳು. “ನಮ್ಮ ಹಂಪವ್ವನ ಹೆಣ್ಣು ಕೂಸು ಉಳಿದಿದ್ರ, ಇಷ್ಟೊತ್ತಿಗೆ ಇವನಷ್ಟಽ ಆಗಿರತಿತ್ತು.”

ಮುದುಕಪ್ಪ ಕೆಮ್ಮಿದ. ಆದದ್ದು ಆಗಿಹೋಗಿತ್ತು. ತಿರುಪತಿ ಕೈಯಲ್ಲಿದ್ದ ತುತ್ತನ್ನು ಬಾಯಿಗಿಟ್ಟು ನುಂಗಿದ. ನೀವು ಎರೆದಿದ್ದಿರೇನವ್ವಾ ಆ ಕೂಸಿಗೆ ಎಂದು ಮೆಲ್ಲಗೆ ಕೇಳಿದ. ಈ ಕೈಲೇ ಎರೆದೆನಪ್ಪಾ, ಬೆಳ್ಳಗೆ ಅವ್ವನಂಗೇ ಇತ್ತು ಎಂದಳು ಮಾರೆವ್ವ. ಹುಡುಗ ರೊಟ್ಟಿ ಪೂರ್ತಿ ತಿಂದ, ತಾಟು ತೊಳೆದಿಟ್ಟ, ಟ್ರಂಕು ಹೊತ್ತುಕೊಂಡು ಹೊರಬಿದ್ದ.

ವಿರುಪಣ್ಣ ಬರಿಗಾಲಲ್ಲೇ ಬೆನ್ನು ಹತ್ತಿದ. ಬಸ್ಸು ನಿಲ್ಲುವ ಕಡೆ ಹುಡುಗನ ರಟ್ಟೆ ಹಿಡಿದು, ಅವಳು ಹೇಳಿದ್ದು ಹೋಗಲಿ, ನಾನು ನಿನ್ನನ್ನು ಮಗ ಎಂದೇ ಬರೆಸಿದ್ದು, ಇವತ್ತೂ ಅದನ್ನೇ ಹೇಳುತ್ತೇನೆ, ಮನೆಗೆ ನಡಿ ಎಂದು ಬೇಡಿಕೊಂಡ. ತಿರುಪತಿ ಕೈ ಕೊಸರಿಕೊಳ್ಳಲಿಲ್ಲ. ಬಂಡೆಗಲ್ಲಿನಂತೆ ನಿಂತಿದ್ದ.

“ನಿಮ್ಮ ಮ್ಯಾಲೆ ಸಿಟ್ಟಿಲ್ರಿ ಕಾಕಾರ,” ಎಂದ. “ಎಂಟು ವರ್ಷ ಕುಂತು ನಿಮ್ಮನ್ನ ಮಾಫ್ ಮಾಡಿದ್ದೆ. ನೀವು ಅಲ್ಲಽ ಅಲ್ಲ ಅಂದ್ರ ಖರೇ ಬಿಟ್ಟು ಹೋದಾಂವ ಬ್ಯಾರೆ ಯಾರೋ ಅದಾನ. ಅವನ್ನ ಎಲ್ಲಿ ಹುಡುಕಲಿ? ಅವನ್ನ ಹ್ಯಾಂಗ ಮಾಫ್ ಮಾಡಲಿ?”

ನಾನೇ ಬಿಟ್ಟವನು ಎಂದುಕೋ ಎಂದ ವಿರುಪಣ್ಣ. ಇನ್ನ ಆಗೂದಿಲ್ರಿ ಎಂದ ಹುಡುಗ. ಕೆಟ್ಟ ಅಪ್ಪನ ಜೊತೆ ಬಾಳಲು ಅವನು ತಯಾರಾಗಿದ್ದ, ಒಳ್ಳೆಯ ಪರಕೀಯನೊಬ್ಬ ಅವನಿಗೆ ಬೇಕಾಗಿರಲಿಲ್ಲ. ಬಂದ ಬಸ್ಸು ಹತ್ತಿದ. ವಿರುಪಣ್ಣನ ಕಣ್ಣು ಮಂಜಾಗಿ ಬಸ್ಸಿನ ಹಲಗೆ ಓದಲಾಗಲಿಲ್ಲ.

ಗಂಗಾವತಿಯ ಗಿರಣಿಗೆ ಅಂಥ ಹುಡುಗ ಬರಲೇ ಇಲ್ಲ. ವಿರುಪಣ್ಣ ಹುಬ್ಬಳ್ಳಿಗೆ ಹೋದ, ಗುಂತಕಲ್ಲಿಗೆ ಹೋದ, ಪ್ಲಾಟ್‌ಫಾರ್ಮಿನಲ್ಲಿ ಮಲಗಿದವರ ಚಾದರ ಸರಿಸಿ ನೋಡಿ ಬೈಸಿಕೊಂಡ. ಶ್ರಾವಣದಲ್ಲಿ ಕೊನೆಗೊಮ್ಮೆ ಪೊಲೀಸು ಠಾಣೆಯ ಮೆಟ್ಟಿಲು ಹತ್ತಿದ. ಹವಾಲ್ದಾರ ಮರ್ಯಾದೆಯಿಂದಲೇ ಕೂರಿಸಿ ಕಾಗದ ತೆಗೆದುಕೊಂಡ. ಫೋಟೋ ಇದೆಯೇ ಎಂದು ಕೇಳಿದ. ಇರಲಿಲ್ಲ. ಮೈ ಮೇಲೆ ಮಚ್ಚೆಯೋ ಗಾಯದ ಕಲೆಯೋ ಏನಾದರೂ ಗುರುತು ಹೇಳಿ ಎಂದ.

ವಿರುಪಣ್ಣ ಹೇಳಲು ಬಾಯಿ ತೆರೆದ. ಉಳಿದ ಮೂವತ್ತೊಂಬತ್ತು ಹುಡುಗರ ಮೈಮೇಲಿನ ಒಂದೊಂದು ಕಲೆಯೂ ಅವನಿಗೆ ಗೊತ್ತಿತ್ತು. ಯಾರಿಗೆ ಎಲ್ಲಿ ನಾಯಿ ಕಚ್ಚಿದ್ದು, ಯಾರಿಗೆ ಎಲ್ಲಿ ಬರೆ ಹಾಕಿದ್ದು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದ. ತಿರುಪತಿಗೆ ಮಾತ್ರ ಅವನು ಒಂದು ದಿನವೂ ನೀರೆರೆದಿರಲಿಲ್ಲ. ಮುಟ್ಟಿದರೆ ಮಮತೆ ಹೊರಬಿದ್ದೀತೆಂದು ಹೆದರಿ, ಹುಡುಗ ಸಣ್ಣವನಿದ್ದಷ್ಟು ದಿನ ಆ ಕೆಲಸವನ್ನು ಮೈಮುನಬಿಗೋ ದೊಡ್ಡ ಹುಡುಗರಿಗೋ ಹೇಳುತ್ತಿದ್ದ. ಹವಾಲ್ದಾರ ಪೆನ್ನಿನ ಮುಚ್ಚಳ ಹಾಕಿದ. ಆಮೇಲೆ, ನೆನಪಾದಾಗ ಬಂದು ಹೇಳ್ರಿ ಎಂದು ಕಾಗದ ಮಡಚಿಟ್ಟ.