ಬೈಯದ ಬೆಳಿಗ್ಗೆ

ಜೈಲಿನ ಒಂಟಿ ಕೋಣೆಗಳ ಸಾಲನ್ನು ಕಾಯುವ ವಾರ್ಡರಮ್ಮನಿಗೆ ಬೆಳಗಿನ ಬೈಗುಳ ಕಾಫಿಯಷ್ಟೇ ಅಭ್ಯಾಸವಾಗಿಹೋಗಿತ್ತು. ಕೊನೆಯ ಕೋಣೆಯ ಕಿಂಡಿಯ ಮುಚ್ಚಳ ಸರಿಸಿದರೆ ಸಾಕು, ಒಳಗಿನಿಂದ ಎಲ್ಲರೂ ಗುಡುಗಕ್ಕ ಎನ್ನುವ ಕೈದಿ ಶುರುಹಚ್ಚಿಕೊಳ್ಳುತ್ತಿದ್ದಳು. ವಾರ್ಡರಮ್ಮನ ಬೂಟು, ಅವಳ ನಡಿಗೆ, ಅವಳಿಗೆ ಈ ಕೆಲಸ ಕೊಟ್ಟವರ ಬುದ್ಧಿ, ಒಂದನ್ನೂ ಬಿಡದೆ ಜಾಲಾಡುತ್ತಿದ್ದಳು. "ಬಂದ್ಯಾ ಬೀಗದ ರಾಣಿ? ನಿನ್ನ ಮುಖ ನೋಡಿದ್ರೆ ಹಾಲೂ ಒಡೆದುಹೋಗುತ್ತೆ!" ದೊಡ್ಡ ಬ್ಯಾರಕ್ಕಿನಲ್ಲಿ ಜಗಳವಾಡಿ ಇನ್ನೊಬ್ಬಳ ಹಲ್ಲು ಉದುರಿಸಿದ್ದಕ್ಕೆ ಅವಳನ್ನು ಇಲ್ಲಿ ಹಾಕಿದ್ದರು. ಬಾಯಿಗೆ ಮಾತ್ರ ಯಾರಿಗೂ ಬೀಗ ಹಾಕಲಾಗಿರಲಿಲ್ಲ.

ಆ ದಿನ ಕಿಂಡಿ ತೆರೆದಾಗ ಗುಡುಗಕ್ಕ ತಲೆ ಬಾಚಿಕೊಂಡು ಗೋಡೆಗೊರಗಿ ಕೂತಿದ್ದಳು. ತಟ್ಟೆ ತೊಳೆದಿಟ್ಟಿದ್ದಳು.

"ಇಷ್ಟು ದಿನ ನಿಮಗೆ ತುಂಬ ತೊಂದರೆ ಕೊಟ್ಟೆ, ಮೇಡಂ," ಎಂದಳು ಮೆಲ್ಲಗೆ. "ಮನಸ್ಸಿಗೆ ಹಚ್ಕೋಬೇಡಿ."

ವಾರ್ಡರಮ್ಮ ಕಿಂಡಿಯ ಮುಚ್ಚಳ ಮುಚ್ಚಲಿಲ್ಲ.

ಪಕ್ಕದಲ್ಲೇ ನಿಂತಿದ್ದ ಇನ್ನೊಬ್ಬ ವಾರ್ಡರ್, ಅವಳ ಜೊತೆಗಾತಿ, ಖುಷಿಯಾಗಿದ್ದಳು. "ಅಂತೂ ದಾರಿಗೆ ಬಂದ್ಲು, ನೋಡು. ಇನ್ನಾದ್ರೂ ನಮ್ಮ ಕಿವಿಗೆ ಸ್ವಲ್ಪ ರಜ!"

"ನೀನು ಇಲ್ಲೇ ನಿಂತಿರು. ಕಿಂಡಿ ಬಿಟ್ಟು ಅಲ್ಲಾಡಬೇಡ. ಅವಳ ಜೊತೆ ಏನಾದ್ರೂ ಮಾತಾಡ್ತಾ ಇರು," ಎಂದಳು ವಾರ್ಡರಮ್ಮ.

"ನಾನೇನು ಮಾತಾಡ್ಲಿ?"

"ಮನೇಲಿ ಅತ್ತೆ ಇದ್ದಾರಲ್ಲ, ನಿಂಗೆ ಮಾತಿಗೇನು ಬರವೇ?"

ಕಿಂಡಿಯಲ್ಲಿ ನೋಡುವವರಿಗೆ ನಿಯಮ ಎರಡೇ ಪ್ರಶ್ನೆ ಕೊಟ್ಟಿತ್ತು: ಕೈದಿ ಒಳಗಿದ್ದಾಳೆಯೇ, ಉಸಿರಾಡುತ್ತಿದ್ದಾಳೆಯೇ? ಎರಡಕ್ಕೂ ಇವತ್ತು ಹೌದು ಎಂದೇ ಉತ್ತರ. ಆದರೆ ವಾರ್ಡರಮ್ಮ ಹಿಂದೆ ಇದ್ದ ಜೈಲಿನಲ್ಲಿ ಸತ್ತ ಹುಡುಗಿಯೊಬ್ಬಳ ವಿಷಯದಲ್ಲೂ, ಅವಳು ಸಾಯುವುದಕ್ಕೆ ಸ್ವಲ್ಪ ಹೊತ್ತು ಮುಂಚಿನವರೆಗೂ ಉತ್ತರ ಹೌದು ಎಂದೇ ಇತ್ತು. ಎಲ್ಲರೂ ಅವಳನ್ನು ನೋಡಿದ್ದರು. ಶಾಂತವಾಗಿದ್ದಾಳೆ ಎಂದು ಸಮಾಧಾನಪಟ್ಟಿದ್ದರು. ಕಿಂಡಿ ತೋರಿಸುವುದು ಆ ಕ್ಷಣವೊಂದನ್ನೇ. ಮನುಷ್ಯರ ವಿಷಯದಲ್ಲಿ ನೋಡಬೇಕಾದದ್ದು ನಿನ್ನೆಗೂ ಇವತ್ತಿಗೂ ಬಿದ್ದ ಅಂತರವನ್ನು. ನಿನ್ನೆ ಸಿಡಿಮಿಡಿಗುಟ್ಟುತ್ತಿದ್ದವಳು ಇವತ್ತು ಕ್ಷಮೆ ಕೇಳಿ ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತಿದ್ದಾಳೆ ಎಂದರೆ, ಎಲ್ಲಿಗೋ ಹೊರಟಿದ್ದಾಳೆ ಎಂದೇ ಅರ್ಥ.

ವಾರ್ಡರಮ್ಮ ಆಫೀಸಿಗೆ ಹೋಗಿ ವಿಷಯ ಹೇಳಿದಾಗ, ಸೂಪರಿಂಟೆಂಡೆಂಟ್ ಮೇಡಂ ಕನ್ನಡಕ ತೆಗೆದು ಅವಳನ್ನೇ ನೋಡಿದರು. "ಬೈದಳು ಅಂತ ದೂರು ತರೋರನ್ನ ದಿನಾ ನೋಡ್ತೀನಿ. ಬೈಯಲಿಲ್ಲ ಅಂತ ದೂರು ತಂದವಳು ನೀನೇ ಮೊದಲು ಕಣೇ."

"ನನ್ನ 'ನೀವು' ಅಂದ್ಲು, ಮೇಡಂ."

ಮೇಡಂ ನಕ್ಕರು. ವಾರ್ಡರಮ್ಮ ನಗದೆ ನಿಂತಿರುವುದನ್ನು ಕಂಡು ಅವರ ನಗು ಅರ್ಧಕ್ಕೇ ನಿಂತಿತು.

"ಡಾಕ್ಟರು ಮಧ್ಯಾಹ್ನ ಬರ್ತಾರಲ್ಲ."

"ಮಧ್ಯಾಹ್ನದವರೆಗೆ ಅವಳು ಇರಬೇಕಲ್ಲ, ಮೇಡಂ."

ಮೇಡಂ ಫೋನಿಗೆ ಕೈಹಾಕಿದರು. "ಈಗಲೇ ಕರೆಸ್ತೀನಿ. ಅಲ್ಲೀವರೆಗೆ ಬಾಗಿಲು ತೆಗೆದು ಇಬ್ಬರೂ ಅವಳ ಹತ್ತಿರವೇ ಇರಿ. ಶಿಕ್ಷೆ ಸಡಿಲ ಮಾಡಿದ್ರಿ ಅಂತ ಹಲ್ಲು ಕಳ್ಕೊಂಡವಳ ಕಡೆಯವರು ಕೂಗಾಡಿದ್ರೆ ನಾನು ನೋಡ್ಕೋತೀನಿ. ನಿನ್ನೆ ಏನಾದ್ರೂ ನಡೀತಾ?"

ನಿನ್ನೆ ಭೇಟಿಯ ದಿನ. ವಾರ್ಡರಮ್ಮನಿಗೆ ತಟ್ಟನೆ ಹೊಳೆಯಿತು. ಬ್ಯಾರಕ್ಕಿನಲ್ಲಿದ್ದಾಗ ಗುಡುಗಕ್ಕನನ್ನು ನೋಡಲು ಮಗಳು ಒಂದು ಸಲವೂ ತಪ್ಪಿಸಿದವಳಲ್ಲ. ವಿಚಾರಿಸಿ ಬಂದುಬಿಡ್ತೀನಿ ಎಂದು ಮೇಡಂಗೆ ಹೇಳಿ, ವಾರ್ಡರಮ್ಮ ಹೆಚ್ಚುಕಡಿಮೆ ಓಡುತ್ತಲೇ ಗೇಟಿಗೆ ಹೋದಳು.

"ಬಂದಿದ್ಲಲ್ಲ," ಎಂದ ಗೇಟಿನ ಕಾವಲುಗಾರ. "ಒಂಟಿ ಕೋಣೇಲಿರೋರಿಗೆ ಭೇಟಿ ಇಲ್ಲ ಅಂತ ವಾಪಸ್ ಕಳಿಸ್ದೆ. ಎಲ್ಲಿ ಹೋಗ್ತಾಳೆ? ಬಿಸಿಲಲ್ಲಿ ಕೂತೇಬಿಟ್ಲು. ಸಂಜೆ ಎದ್ದು ಹೋಗೋವಾಗ ಇದನ್ನ ಕೊಟ್ಲು. ಗಾಜಿನ ಸಾಮಾನು ಅಲ್ಲಿಗೆ ಬಿಡೋ ಹಾಗಿಲ್ಲ, ಡ್ರಾಯರಲ್ಲಿಟ್ಟಿದ್ದೀನಿ."

ಅವನು ತೆಗೆದುಕೊಟ್ಟ, ಮಗುವಿನ ಹಳೆಯ ಕಾಲುಚೀಲದೊಳಗೆ, ಹೊಸ ಕಡ್ಡಿ ಹಾಕಿಸಿದ ಗುಡುಗಕ್ಕನ ಕನ್ನಡಕವಿತ್ತು.

"ಅವಳು ಬಂದಿದ್ಲು ಅಂತ ಒಳಗೆ ಯಾರು ಹೇಳಿದ್ರು?"

"ಒಳಗಿನ ಸುದ್ದಿ ಒಳಗಿನೋರದು, ತಾಯಿ. ನೀವೇ ಹೇಳಿರ್ತೀರಿ ಅಂದ್ಕೊಂಡೆ."

ಬಂದವಳಿಗೆ ಇಲ್ಲ ಎನ್ನುವುದು ಗೇಟಿನ ಕೆಲಸವಾಗಿತ್ತು. ಒಳಗೆ ಕಾದು ಕೂತವಳಿಗೆ ತಿಳಿಸುವುದು ಮಾತ್ರ ಯಾರ ಕೆಲಸವೂ ಆಗಿರಲಿಲ್ಲ.

ವಾರ್ಡರಮ್ಮ ಮರಳಿದಾಗ ಜೊತೆಗಾತಿ ಕಿಂಡಿಗೆ ಬಾಯಿಟ್ಟು ಅತ್ತೆಯ ಮಂಡಿನೋವಿನ ಪುರಾಣ ಒಪ್ಪಿಸುತ್ತಿದ್ದಳು. ಒಳಗೆ ಗುಡುಗಕ್ಕ ಕೇಳುತ್ತಿದ್ದಳೋ ಇಲ್ಲವೋ, ಕಣ್ಣು ನೆಲದ ಮೇಲಿತ್ತು. ಬೀಗ ತೆಗೆದು ವಾರ್ಡರಮ್ಮ ಹೊಸ್ತಿಲಲ್ಲೇ ಕೆಳಗೆ ಕೂತಳು.

"ಅಕ್ಕಾ, ನಿನ್ನೆ ಮಗಳು ಬಂದಿದ್ಲು."

"ಸುಳ್ಳು." ಗುಡುಗಕ್ಕ ತಲೆಯೆತ್ತಲಿಲ್ಲ. "ನನ್ನ ಸಮಾಧಾನಕ್ಕೆ ಹೇಳ್ತಿದ್ದೀರ. ಅವಳಿಗೂ ಸಾಕಾಗಿದೆ, ಬಿಡಿ."

"ನಾನು ಕಣ್ಣಾರೆ ನೋಡಿಲ್ಲ. ಗೇಟಿನವನು ಹೇಳಿದ್ದು. ಇಲ್ಲಿರೋವಾಗ ಭೇಟಿ ಕೊಡಲ್ಲ, ಅದನ್ನ ನಿಂಗೆ ಯಾರೂ ಹೇಳ್ಲಿಲ್ಲ. ನಾವು ಹೇಳಬೇಕಿತ್ತು." ಅವಳು ಕಾಲುಚೀಲದಿಂದ ಕನ್ನಡಕ ತೆಗೆದು ತೋರಿಸಿದಳು. "ಇದನ್ನ ಈಗ ಕೊಡೋಕಾಗಲ್ಲ. ಕಾಲುಚೀಲ ಇಟ್ಕೋ."

ಗುಡುಗಕ್ಕ ಪುಟ್ಟ ಕಾಲುಚೀಲವನ್ನು ಅಂಗೈಯಲ್ಲಿ ಹರವಿ ನೋಡಿದಳು. ಹಿಮ್ಮಡಿಯ ಬಳಿ ಬೇರೆ ಬಣ್ಣದ ನೂಲಿನ ಹೊಲಿಗೆಯಿತ್ತು. ಅದು ಅವಳದೇ ಕೈಯ ಹೊಲಿಗೆ. ಅದನ್ನು ಬೆರಳಿನಿಂದ ಸವರುತ್ತ ಸವರುತ್ತ ಅವಳು ಅಳತೊಡಗಿದಳು. ವಾರ್ಡರಮ್ಮ ಅಳಬೇಡ ಎನ್ನಲಿಲ್ಲ. ಅಳು ತಗ್ಗಿದ ಮೇಲೆ, ಎಲ್ಲರೂ ಕೇಳಲು ಹೆದರುವುದನ್ನು ನೇರವಾಗಿ ಕೇಳಿದಳು.

"ಅಕ್ಕಾ, ಸಾಯಬೇಕು ಅಂದ್ಕೊಂಡಿದ್ಯಾ?"



"ಹೂಂ," ಎಂದಳು ಗುಡುಗಕ್ಕ. "ಇವತ್ತು."

"ಅದಕ್ಕೆ ಅಂತ ಏನಾದ್ರೂ ಇಟ್ಕೊಂಡಿದ್ದೀಯಾ?"

ಗುಡುಗಕ್ಕ ಕಣ್ಣಿನಲ್ಲೇ ಹಾಸಿಗೆಯ ಕಡೆ ತೋರಿಸಿದಳು. ಜೊತೆಗಾತಿ ಹಾಸಿಗೆಯಡಿ ಕೈಹಾಕಿ, ಸಿಕ್ಕಿದ್ದನ್ನು ಎತ್ತಿಕೊಂಡು ಹೊರಗಿಟ್ಟು ಬಂದಳು.

"ಈಗಲೂ ಹಾಗೇ ಅನ್ನಿಸ್ತಿದ್ಯಾ?"

ಗುಡುಗಕ್ಕ ಯೋಚಿಸಿದಳು, ಸುಳ್ಳು ಹೇಳುವುದೋ ಬೇಡವೋ ಎಂದು ತೂಗಿ ನೋಡುವವಳ ಹಾಗೆ. "ಕಡಿಮೆ ಆಗಿದೆ. ಪೂರ್ತಿ ಹೋಗಿಲ್ಲ. ನಂಬ್ತೀಯಾ?"

"ನಂಬ್ತೀನಿ. ಡಾಕ್ಟರು ಬರ್ತಿದ್ದಾರೆ, ಅವರಿಗೂ ಇದನ್ನೇ ಹೇಳು. ಅವರು ಬರೋವರೆಗೂ ನಾನು ಇಲ್ಲೇ ಕೂತಿರ್ತೀನಿ."

"ನೆಲ ತಣ್ಣಗಿದೆ," ಎಂದಳು ಗುಡುಗಕ್ಕ. ಹಾಸಿಗೆಯ ಒಂದು ತುದಿಗೆ ಸರಿದು, ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು.