ಹ್ಯಾಸ್ಕೆಟ್ ಕೌಂಟಿಯಲ್ಲಿ ಏನೂ ಇಲ್ಲ

ರಾಯ್ಸ್ ಕ್ರೈಡರ್ ಹುಟ್ಟಿದ ತಾರೀಖು ಟ್ರೆಸ್ಸಾಗೆ ಗೊತ್ತಿರಲಿಲ್ಲ.

ಮಿಕ್ಕದ್ದು ಗೊತ್ತಿತ್ತು. ಅವನು ಮೂರು ತಿಂಗಳಿಂದ ಟ್ರೆಸ್ಸಾಳ ತಂಗಿ ಜನೀನ್ ಮನೆಯಲ್ಲಿದ್ದಾನೆ. ಸಂಜೆ ಅವಳು ಕೆಲಸದಿಂದ ಬಂದ ಮೇಲೆ ಕಾರಿನೊಳಗೆ ಬಗ್ಗಿ ಎಷ್ಟು ಮೈಲಿ ಓಡಿದೆ ಎಂದು ನೋಡುತ್ತಾನೆ. ಶನಿವಾರ ಅವಳನ್ನೂ ಅವಳ ಐದು ವರ್ಷದ ಮಗಳು ಓಪಲ್‌ಳನ್ನೂ ಪೈಲಟ್ ಗುಡ್ಡದ ಮೇಲಿರುವ ತನ್ನ ಸೋದರಮಾವನ ಟ್ರೇಲರ್ ಮನೆಗೆ ಕರೆದುಕೊಂಡು ಹೋಗಲಿದ್ದಾನೆ. ಆ ಗುಡ್ಡದಲ್ಲಿ ಫೋನ್ ಸಿಗ್ನಲ್ ಹಿಡಿಯುವುದಿಲ್ಲ. ಅತ್ತ ಹೋಗುವ ಮಣ್ಣುದಾರಿ ಮಾರ್ಚ್‌ವರೆಗೆ ಹೆಚ್ಚಾಗಿ ಕೆಸರೇ.

ಮಂಗಳವಾರ ಓಪಲ್ ಟ್ರೆಸ್ಸಾಳ ಅಡುಗೆಮನೆಯಲ್ಲಿ ಮ್ಯಾಕರೋನಿ ತಿನ್ನುತ್ತಿದ್ದಳು. ಟ್ರೆಸ್ಸಾ ಏನು ಕೇಳಿದರೂ ಉತ್ತರವಿಲ್ಲ. ಮಗುವಿನ ಕಣ್ಣು ದೊಡ್ಡಮ್ಮನ ಕೈಯಲ್ಲಿದ್ದ ಫೋರ್ಕಿನ ಮೇಲಿತ್ತು. ಟ್ರೆಸ್ಸಾ ಅದನ್ನು ತಟ್ಟೆಯಲ್ಲಿಟ್ಟ ತಕ್ಷಣ ಮಾತಾಡಿತು.

"ಈಗ ಮಾತಾಡ್ಬೋದಾ?"

"ಯಾಕೆ, ಮುಂಚೆ ಮಾತಾಡ್ಬಾರ್ದಿತ್ತಾ?"

"ರಾಯ್ಸ್ ಫೋರ್ಕ್ ಕೆಳಗಿಡೋವರ್ಗೂ ಮಾತಾಡೋ ಹಾಗಿಲ್ಲ. ಮಾತಾಡಿದ್ರೆ ಹೊರಗಡೆ ನಿಲ್ಬೇಕು."

"ಹೊರಗೆ ಎಲ್ಲಿ?"

"ಮೆಟ್ಲ ಹತ್ರ. ಕೋಟ್ ಹಾಕ್ಕೊಳ್ಳೋ ಹಾಗಿಲ್ಲ."

ಅದು ಜನವರಿ. ಮಗುವನ್ನು ಕರೆದುಕೊಂಡು ಹೋಗಲು ಬಂದ ಜನೀನ್‌ಗೆ ಟ್ರೆಸ್ಸಾ ಈ ಮಾತು ತೆಗೆದಾಗ ಅವಳು ನಕ್ಕುಬಿಟ್ಟಳು. ಆ ನಗು ಹೊಸದು, ಹಲ್ಲು ಕಾಣದ ನಗು.

"ಒಂದೇ ಸಲ ಕಣೇ, ಅದೂ ಎರಡು ನಿಮಿಷ. ನಿನಗೆ ಮಕ್ಕಳಿಲ್ಲ, ಶಿಸ್ತು ಅಂದ್ರೇನು ಅಂತ ಗೊತ್ತಿಲ್ಲ."

"ಅವನು ಮುಂಚೆ ಯಾರ ಜೊತೆ ಇದ್ದ?"

"ಯಾರೋ ಒಬ್ಬಳು, ತಲೆಕೆಟ್ಟವಳು. ಬಿಟ್ಟು ಓಡಿಹೋದ್ಲಂತೆ."

"ಎಲ್ಲಿಗೆ?"

"ನಂಗೇನ್ಗೊತ್ತು? ಟ್ರೆಸ್ಸಾ, ನನಗೊಬ್ಬ ಗಂಡಸು ಸಿಕ್ಕಿದಾನೆ. ಕುಡಿಯಲ್ಲ, ಚರ್ಚಿಗೆ ಬರ್ತಾನೆ. ನೀನು ಮಾತ್ರ ಹುಳುಕು ಹುಡುಕು."

"ಏನಾದ್ರೂ ಸಿಕ್ಕಿದ್ರೆ ಗುಡ್ಡಕ್ಕೆ ಹೋಗಲ್ಲ ತಾನೇ?"

ಜನೀನ್ ಮಗುವಿನ ಕೋಟಿನ ಗುಂಡಿ ಹಾಕುತ್ತಿದ್ದಳು. ಕೊನೆಯ ಗುಂಡಿ ಹಾಕಿ, "ಕಾಗದದ ಮೇಲೆ ಬರೆದಿದ್ದು ತೋರ್ಸು. ಬಾಯಿಮಾತು ಬೇಡ" ಎಂದಳು. ಅಷ್ಟನ್ನು ಅವಳು ಹೇಳಿದ್ದೇ ದೊಡ್ಡದು. ಶನಿವಾರದ ಒಳಗೆ ಕಾಗದ ಬೇಕಿತ್ತು.

ನಮ್ಮ ಹ್ಯಾಸ್ಕೆಟ್ ಕೌಂಟಿಯ, ಎಂದರೆ ಜಿಲ್ಲೆಯ, ಕ್ರಿಮಿನಲ್ ದಾಖಲೆಗಳು ಫೋನಿನಲ್ಲಿ ಸಿಗುವುದಿಲ್ಲ. ಕೋರ್ಟಿಗೇ ಹೋಗಬೇಕು. ಕ್ಲರ್ಕ್ ಆಫೀಸಿನ ಮೂಲೆಯಲ್ಲಿ ಸಾರ್ವಜನಿಕರಿಗೆಂದು ಒಂದು ಕಂಪ್ಯೂಟರ್ ಇಟ್ಟಿದ್ದಾರೆ. ಮನೆತನದ ಹೆಸರು, ಸ್ವಂತ ಹೆಸರು ಹೊಡೆದರೆ ಆ ಹೆಸರಿನವರ ಮೇಲಿರುವ ಕೇಸುಗಳು ಒಂದರ ಕೆಳಗೊಂದು ಬರುತ್ತವೆ. ಅವುಗಳಲ್ಲಿ ನಿಮ್ಮ ಮನುಷ್ಯ ಯಾರು ಎಂದು ಹೇಳುವುದು ಹುಟ್ಟಿದ ತಾರೀಖು ಮಾತ್ರ. ಅಪ್ಪನ ಹೆಸರನ್ನು ಮಗನಿಗೆ, ಸೋದರಮಾವನ ಹೆಸರನ್ನು ಸೋದರಳಿಯನಿಗೆ ಇಡುವ ನಮ್ಮಂಥ ಊರಿನಲ್ಲಿ ತಾರೀಖಿಲ್ಲದ ಹೆಸರು ಯಾರದ್ದೂ ಅಲ್ಲ.

ಆ ಕಂಪ್ಯೂಟರಿಗೆ ಕುಳಿತವರು ಯಾರನ್ನೂ ಕೇಳಬೇಕಾಗಿಲ್ಲ, ಯಾರಿಗೂ ಏನೂ ಹೇಳಬೇಕಾಗಿಲ್ಲ. ಆದರೆ ಬಾಗಿಲಿನಿಂದ ಅಲ್ಲಿಗೆ ಹೋಗಬೇಕಾದರೆ ಕೌಂಟರಿನ ಹಿಂದೆ ಕುಳಿತ ಮಿಸ್ ವೆಲ್ಡಾಳನ್ನು ದಾಟಬೇಕು. ಮಿಸ್ ವೆಲ್ಡಾ ಊರಿನ ಅರ್ಧ ಮಕ್ಕಳಿಗೆ ಭಾನುವಾರದ ಬೈಬಲ್ ಪಾಠ ಹೇಳಿದವಳು. ಅವಳನ್ನು ಮಾತಾಡಿಸದೆ ಮೂಲೆಗೆ ಹೋಗುವುದು ಹ್ಯಾಸ್ಕೆಟ್‌ನಲ್ಲಿ ಯಾರಿಂದಲೂ ಆಗುವ ಕೆಲಸವಲ್ಲ. ಬುಧವಾರ ಬೆಳಿಗ್ಗೆ ಟ್ರೆಸ್ಸಾಳಿಂದಲೂ ಆಗಲಿಲ್ಲ.

"ಬಾ ಮಗಳೇ. ಮೊಣಕಾಲು ಹೇಗಿದೆ ನಿಮ್ಮ ಚಿಕ್ಕಮ್ಮಂದು?"

"ಪರವಾಗಿಲ್ಲ ಮಿಸ್ ವೆಲ್ಡಾ."

"ಯಾರನ್ನ ಹುಡುಕ್ತಿದ್ಯಾ? ಹೇಳು, ನಾನೇ ಹಾಕ್ಕೊಡ್ತೀನಿ. ಆ ಮೆಷಿನ್ ನನ್ನ ಗಂಡನ ಹಾಗೆ, ಬೆಳಿಗ್ಗೆ ಬೆಳಿಗ್ಗೆ ಏಳಲ್ಲ."

ಟ್ರೆಸ್ಸಾ ಮೂಲೆಯ ಕಂಪ್ಯೂಟರಿನ ಕಡೆ ನೋಡಿದಳು. ಹೇಳದಿದ್ದರೆ ಅದಕ್ಕೂ ಒಂದು ಅರ್ಥ ಹುಟ್ಟುತ್ತದೆ. ಹೇಳಿದಳು.

"ರಾಯ್ಸ್ ಕ್ರೈಡರಾ! ಯಾವ ರಾಯ್ಸು? ಗಿರಣಿ ಹತ್ರದವನಾ, ಹಳ್ಳದ ಆಚೆಯವನಾ? ಒಬ್ಬ ಸತ್ತೂಹೋದ." ವೆಲ್ಡಾ ಕನ್ನಡಕದ ಮೇಲಿಂದ ನೋಡಿದಳು. "ಓ, ಗೊತ್ತಾಯ್ತು, ನಿಮ್ಮ ಜನೀನ್ ಜೊತೆ ಇರೋನು. ನಿಮ್ಮ ನರ್ಸಿಂಗ್ ಹೋಮಲ್ಲಿ ಅವನನ್ನ ಕೆಲಸಕ್ಕೆ ತಗೊಳ್ತಿದಾರಾ?"

ಟ್ರೆಸ್ಸಾ ಅಲ್ಲಿ ಅಡುಗೆ ಕೆಲಸದವಳು. ಯಾರನ್ನೂ ಕೆಲಸಕ್ಕೆ ತೆಗೆದುಕೊಳ್ಳುವ ಅಧಿಕಾರ ಅವಳಿಗಿಲ್ಲ. ಆದರೂ ತಲೆಯಾಡಿಸಿದಳು.

ತೆರೆಯ ಮೇಲೆ ನಾಲ್ಕು ರಾಯ್ಸ್ ಕ್ರೈಡರ್‌ಗಳು ಬಂದರು. ಒಬ್ಬ ಲೈಸೆನ್ಸ್ ಇಲ್ಲದೆ ಮೀನು ಹಿಡಿದಿದ್ದ. ಒಬ್ಬ ಕುಡಿದು ಗಾಡಿ ಓಡಿಸಿದ್ದ. ಒಬ್ಬ ಹೆಂಡತಿಗೆ ಹೊಡೆದಿದ್ದ. ಒಬ್ಬನದು ಪಕ್ಕದವರ ನಾಯಿಯ ಜಗಳ. ಒಂದೊಂದರ ಪಕ್ಕದಲ್ಲೂ ಒಂದೊಂದು ತಾರೀಖು.

"ನಿಮ್ಮವನದು ಯಾವುದು ಮಗಳೇ?"

"ಗೊತ್ತಿಲ್ಲ."

"ಛೆ, ಅಷ್ಟೇ ತಾನೇ? ನೋಡೋಣ ಬಿಡು."

ಗುರುವಾರ ಮಧ್ಯಾಹ್ನ ಕೆಲಸ ಮುಗಿಸಿ ಹೊರಗೆ ಬಂದಾಗ ನರ್ಸಿಂಗ್ ಹೋಮಿನ ಹಿಂಬದಿಯಲ್ಲಿ ರಾಯ್ಸ್‌ನ ಪಿಕಪ್ ನಿಂತಿತ್ತು. ಅವನು ಟ್ರೆಸ್ಸಾಳ ಕಾರಿಗೆ ಒರಗಿ ಸೂರ್ಯಕಾಂತಿ ಬೀಜ ತಿನ್ನುತ್ತಿದ್ದ. ಸಿಪ್ಪೆಯನ್ನು ನೆಲಕ್ಕೆ ಉಗಿಯದೆ ಒಂದು ಕಾಗದದ ಲೋಟಕ್ಕೆ ಉಗಿಯುತ್ತಿದ್ದ. ಅಚ್ಚುಕಟ್ಟು ಮನುಷ್ಯ.

"ನನ್ನ ಹುಟ್ಟಿದಬ್ಬ ಕೇಳ್ತಿದ್ಯಂತೆ."

"ಯಾರು ಹೇಳಿದ್ದು?"

"ನಿನ್ನೆ ಚರ್ಚಲ್ಲಿ ಊಟ ಇತ್ತಲ್ಲ. ಬೀನ್ಸ್ ಹಾಕಿಸ್ಕೊಳ್ತಾ ನಿಂತಿದ್ದೆ. ವೆಲ್ಡಾ ಬಂದು ನಮ್ಮಮ್ಮನ್ನ ಕೇಳಿದ್ಲು. ನಮ್ಮ ಟ್ರೆಸ್ಸಾ ನಿನ್ನ ಮಗನಿಗೆ ಕೆಲಸ ಕೊಡಿಸ್ತಿದಾಳೆ, ಪಾಪ ತಾರೀಖು ಗೊತ್ತಿಲ್ದೆ ಒದ್ದಾಡ್ತಿದಾಳೆ ಅಂತ." ಅವನು ನಕ್ಕ. "ನಮ್ಮಮ್ಮ ಎಷ್ಟು ಖುಷಿಪಟ್ಲು ಗೊತ್ತಾ?"

"ರಾಯ್ಸ್, ನಾನು ಸುಮ್ನೆ—"

"ಅಕ್ಟೋಬರ್ ಒಂಬತ್ತು, ಎಂಬತ್ತೇಳು. ನನ್ನನ್ನೇ ಕೇಳಿದ್ರೆ ಆಗ್ತಿತ್ತಲ್ಲ. ಬೇಕಾದ್ರೆ ಕೇಕ್ ಮಾಡು, ಚಾಕಲೇಟ್ ಬೇಡ." ಲೋಟವನ್ನು ಅವಳ ಕಾರಿನ ಮೇಲಿಟ್ಟ. "ಹೋಗಿ ನೋಡು. ಹ್ಯಾಸ್ಕೆಟ್ ಕೌಂಟೀಲಿ ನನ್ನ ಮೇಲೆ ಒಂದು ಕಾಗದ ಇಲ್ಲ."

"ಸರಿ."

"ಓಪಲ್ ಮೊನ್ನೆ ನಿನ್ನ ಮನೇಲಿ ಏನೇನು ತಿಂದ್ಲು, ಏನೇನು ಮಾತಾಡಿದ್ಲು, ಎಲ್ಲಾ ನನಗೆ ಹೇಳಿದ್ಲು. ಸ್ವಲ್ಪ ಹೊತ್ತು ಹಿಡೀತು. ಆದ್ರೂ ಹೇಳಿದ್ಲು."

ಪಿಕಪ್ ಹೋದ ಮೇಲೆ ಟ್ರೆಸ್ಸಾ ಆ ಲೋಟವನ್ನು ಕಸದ ಡಬ್ಬಿಗೆ ಹಾಕಿದಳು. ಜನೀನ್‌ಗೆ ಫೋನ್ ಮಾಡಿದಳು. ಎತ್ತಲಿಲ್ಲ. ಮನೆಗೆ ಹೋಗಿ ಬಾಗಿಲು ತಟ್ಟಿದರೆ ಆ ಮಗುವಿಗೆ ಇನ್ನೇನಾಗುತ್ತದೋ ಎಂದು ಅನಿಸಿತು, ಹೋಗಲಿಲ್ಲ.

ಶುಕ್ರವಾರ ಆಫೀಸಿನ ಬಾಗಿಲು ತೆರೆಯುವ ಮುಂಚೆಯೇ ಕೋರ್ಟಿನ ಮೆಟ್ಟಿಲ ಮೇಲಿದ್ದಳು. ಈ ಸಲ ಮಿಸ್ ವೆಲ್ಡಾಗೆ ಬರೀ ತಲೆಬಾಗಿ ನೇರವಾಗಿ ಮೂಲೆಗೆ ಹೋದಳು.

"ತಾರೀಖು ಸಿಕ್ತಾ ಮಗಳೇ?" ವೆಲ್ಡಾ ಅಲ್ಲಿಂದಲೇ ಕೂಗಿದಳು. "ನಿನಗೋಸ್ಕರ ಅವರಮ್ಮನ್ನೇ ಕೇಳ್ಬಿಟ್ಟೆ!"

"ಸಿಕ್ತು ಮಿಸ್ ವೆಲ್ಡಾ. ಥ್ಯಾಂಕ್ಸ್."

ನಾಲ್ಕು ರಾಯ್ಸ್‌ಗಳಲ್ಲಿ ಒಬ್ಬನೂ ಅಕ್ಟೋಬರ್ ಒಂಬತ್ತಕ್ಕೆ ಹುಟ್ಟಿರಲಿಲ್ಲ. ಹೆಂಡತಿಗೆ ಹೊಡೆದವನಿಗೆ ಈಗ ಎಪ್ಪತ್ತು ದಾಟಿತ್ತು. ತಾರೀಖು ಹಾಕಿ ಮತ್ತೆ ಹುಡುಕಿದಳು. ಯಾವ ದಾಖಲೆಯೂ ಇಲ್ಲ ಎಂದು ತೆರೆ ಹೇಳಿತು. ಒಂದು ಕ್ಷಣ ಅವಳಿಗೆ ಹಗುರವೆನಿಸಿತು, ಅದು ನಿಜ. ತಾನೇ ಕೆಟ್ಟವಳು, ತಂಗಿಯ ಸುಖ ನೋಡಲಾರದವಳು ಎಂದುಕೊಂಡರೆ ಮನೆಗೆ ಹೋಗಿ ಮಲಗಬಹುದಿತ್ತು.

ಆದರೆ ಅವನ ಮಾತು ತಲೆಯಿಂದ ಹೋಗಲಿಲ್ಲ. ಹ್ಯಾಸ್ಕೆಟ್ ಕೌಂಟಿಯಲ್ಲಿ, ಎಂದಿದ್ದ. ಕೇಸಿಲ್ಲದ ಮನುಷ್ಯ ಕೌಂಟಿಯ ಹೆಸರು ಯಾಕೆ ಎತ್ತುತ್ತಾನೆ? ಒಂದು ಕೌಂಟಿಯ ಕಂಪ್ಯೂಟರಿಗೆ ಪಕ್ಕದ ಕೌಂಟಿಯ ವಿಷಯ ಗೊತ್ತಿರುವುದಿಲ್ಲ. ರಾಯ್ಸ್ ಮುಂಚೆ ನದಿಯ ಆಚೆ, ಬೆಲ್ಮಂಡ್ ಕೌಂಟಿಯ ಸುಣ್ಣಕಲ್ಲು ಕ್ವಾರಿಯಲ್ಲಿ ಕೆಲಸ ಮಾಡಿದವನು.

ಬೆಲ್ಮಂಡ್ ಕೋರ್ಟಿನಲ್ಲಿ ಅವಳನ್ನು ಯಾರೂ ಬಲ್ಲವರಿರಲಿಲ್ಲ. ಕೌಂಟರಿನ ಹುಡುಗ ಮುಖ ಎತ್ತಲೂ ಇಲ್ಲ. ಕುಳಿತಳು, ಹೊಡೆದಳು. ಕ್ರೈಡರ್. ರಾಯ್ಸ್. ಅಕ್ಟೋಬರ್ ಒಂಬತ್ತು.

ಮೂರು ಕೇಸು.

ಮೊದಲ ಎರಡು, ಜೊತೆಯಲ್ಲಿ ವಾಸವಿದ್ದ ಹೆಂಗಸಿನ ಮೇಲೆ ಹಲ್ಲೆ. ಎರಡೂ ವಜಾ. ಮೂರನೆಯದು ಮಗುವಿನ ಜೀವಕ್ಕೆ ಅಪಾಯ ತಂದದ್ದು. ಅದೂ ವಜಾ. ವಜಾ ಎಂದರೆ ಅವನು ತಪ್ಪು ಮಾಡಿಲ್ಲ ಎಂದಲ್ಲ ಎಂದು ಟ್ರೆಸ್ಸಾಗೆ ಗೊತ್ತಿತ್ತು. ಕೇಸಿನ ನಂಬರುಗಳನ್ನು ಚೀಟಿಯಲ್ಲಿ ಬರೆದು ಕೌಂಟರಿನಲ್ಲಿ ಕೊಟ್ಟಳು. ಹುಡುಗ ಫೈಲು ತಂದಿಟ್ಟು ಹೋದ.

ದೂರು ಕೊಟ್ಟವಳು ಲೋರ್ನಾ ಪೀವಿ. ಮೊದಲ ದೂರಿನಲ್ಲಿ ಅವಳ ವಿಳಾಸ ಪೇಟೆಯ ಒಂದು ಬೀದಿ. ಎರಡನೆಯದರಲ್ಲಿ ಊರಾಚೆಯ ಯಾವುದೋ ಮಣ್ಣುದಾರಿ. ಮೂರನೆಯ ಫೈಲಿನಲ್ಲಿ ಅವಳಿಗೆ ಕೋರ್ಟು ಕಳಿಸಿದ ಸಮನ್ಸಿನ ಲಕೋಟೆಯನ್ನೇ ಪಿನ್ನು ಹೊಡೆದು ಇಟ್ಟಿದ್ದರು. ವಾಪಸು ಬಂದಿತ್ತು. ವಿಳಾಸದಲ್ಲಿ ಯಾರೂ ಇಲ್ಲ ಎಂಬ ಮುದ್ರೆ. ಕೆಳಗೆ ಡೆಪ್ಯುಟಿ ಪೊಲೀಸನೊಬ್ಬನ ಕೈಬರಹ: ಮನೆ ಖಾಲಿ, ಸಾಕ್ಷಿಯೂ ಮಗುವೂ ಪತ್ತೆಯಿಲ್ಲ. ಸಾಕ್ಷಿ ಬಾರದ ಕಾರಣ ಕೇಸು ಮುಗಿದಿತ್ತು. ಅದರ ನಂತರ ಫೈಲಿನಲ್ಲಿ ಒಂದು ಹಾಳೆಯೂ ಇರಲಿಲ್ಲ.

"ಇವಳು ಆಮೇಲೆ ಸಿಕ್ಕಿದ್ಲಾ?" ಟ್ರೆಸ್ಸಾ ಕೇಳಿದಳು.

ಹುಡುಗ ಫೈಲನ್ನು ತನ್ನ ಕಡೆ ತಿರುಗಿಸಿ ನೋಡಿದ. "ಇದರಲ್ಲಿ ಇಲ್ವಲ್ಲ ಮೇಡಂ."

"ಯಾರಾದ್ರೂ ಹುಡುಕಿದ್ರಾ?"

"ಅದು ನಮ್ಮ ಆಫೀಸ್ ಅಲ್ಲ ಮೇಡಂ. ಕಾಪಿ ಬೇಕಾ?"

ಕಾಪಿ ತೆಗೆದುಕೊಂಡು ಕಾರಿನಲ್ಲಿ ಕುಳಿತಳು. ಈ ಸಲ ಜನೀನ್ ಮೊದಲ ರಿಂಗಿಗೇ ಫೋನ್ ಎತ್ತಿದಳು. ಹಿಂದೆ ಗಾಡಿಯ ಸದ್ದು.

"ಎಲ್ಲಿದ್ಯಾ?"

"ಹೊರಟ್ವಿ ಕಣೇ. ನಾಳೆ ಹಿಮ ಬೀಳತ್ತಂತೆ, ಇವತ್ತೇ ಹೋಗೋಣ ಅಂದ ರಾಯ್ಸ್."

"ಓಪಲ್?"

"ಹಿಂದೆ ಕೂತಿದಾಳೆ. ಟ್ರೆಸ್ಸಾ, ನೀನು ಕೋರ್ಟಿಗೆ ಹೋಗಿದ್ದು ಯಾಕೆ ಅವನಿಗೆ ಹೇಳ್ಲಿಲ್ಲ? ಎಷ್ಟು ನೊಂದ್ಕೊಂಡಿದಾನೆ ಗೊತ್ತಾ?"

"ಜನೀನ್, ಗಾಡಿ ನಿಲ್ಲಿಸೋಕೆ ಹೇಳು. ಪೆಟ್ರೋಲ್ ಬಂಕಲ್ಲಿ, ಎಲ್ಲಾದ್ರೂ ಸರಿ. ಓಪಲ್‌ಗೆ ಬಾತ್‌ರೂಮ್ ಬಂದಿದೆ ಅನ್ನು—"

"ಫೋನ್ ಸ್ಪೀಕರಲ್ಲಿದೆ ಕಣೇ," ಜನೀನ್ ಮೆಲ್ಲಗೆ ಅಂದಳು.

ಆಮೇಲೆ ಅವನ ದನಿ, ಹತ್ತಿರದಿಂದ, ಬೀಜ ಅಗಿಯುತ್ತ.

"ಏನ್ ಸಿಕ್ತು, ಟ್ರೆಸ್ಸಾ?"

ಲೋರ್ನಾ ಪೀವಿಯ ಹೆಸರು ಅವಳ ತೊಡೆಯ ಮೇಲಿತ್ತು. ಕೂಗಿ ಹೇಳಿದರೆ ಜನೀನ್‌ಗೆ ಕೇಳಿಸುತ್ತದೆ. ಅವನಿಗೂ ಕೇಳಿಸುತ್ತದೆ, ಮತ್ತು ಸ್ಟಿಯರಿಂಗ್ ಅವನ ಕೈಯಲ್ಲಿದೆ, ಮಗು ಅವನ ಬೆನ್ನ ಹಿಂದಿದೆ. ಜನೀನ್ ಬಾಗಿಲು ತೆಗೆದು ಧುಮುಕುವವಳಲ್ಲ. ಆ ಮಾತು ಕೇಳಿದ ಮೇಲೆ ಅವನು ಮುಂದಿನ ತಿರುವಿನಲ್ಲಿ ಏನು ಮಾಡುತ್ತಾನೆ? ಟ್ರೆಸ್ಸಾಗೆ ಗೊತ್ತಿರಲಿಲ್ಲ.

"ಏನೂ ಸಿಗ್ಲಿಲ್ಲ," ಎಂದಳು.

"ಕೇಳಿದ್ಯಾ?" ಅದು ಜನೀನ್‌ಗೆ ಹೇಳಿದ್ದು. "ನಾನಂದೆ ತಾನೇ."

"ಜನೀನ್, ತಲುಪಿದ ಮೇಲೆ ಫೋನ್ ಮಾಡ್ತೀಯಾ?"

"ಅಲ್ಲಿ ಹಿಡಿಯಲ್ಲ ಕಣೇ," ಎಂದಳು ಜನೀನ್. ಮತ್ತೇನೋ ಹೇಳಲು ಹೊರಟ ಹಾಗಿತ್ತು. ಫೋನ್ ಕಟ್ಟಾಯಿತು.

ಟ್ರೆಸ್ಸಾ ಅಲ್ಲಿಂದ ನೇರ ಹ್ಯಾಸ್ಕೆಟ್‌ನ ಶೆರಿಫ್ ಆಫೀಸಿಗೆ ಬಂದಳು. ಕಾಪಿಗಳನ್ನು ಮೇಜಿನ ಮೇಲೆ ಹರಡಿದಳು. ಬರ್ಲ್ ಎಂಬ ದಪ್ಪನೆಯ ಡೆಪ್ಯುಟಿ ಎಲ್ಲವನ್ನೂ ನಿಧಾನವಾಗಿ ಓದಿದ.

"ಮೂರೂ ವಜಾ ಆಗಿದೆಯಲ್ಲಮ್ಮ."

"ಸಾಕ್ಷಿ ಕಾಣೆಯಾಗಿದಾಳೆ ಬರ್ಲ್! ಅವಳ ಮಗೂನೂ ಕೂಡ. ಓದು ಸರಿಯಾಗಿ."

"ಬೆಲ್ಮಂಡ್‌ನವರ ಕೇಸು ಅದು. ನಿನ್ನ ತಂಗಿ ವಯಸ್ಸಿಗೆ ಬಂದವಳು, ತಾನಾಗೇ ಹೋಗಿದಾಳೆ. ನೀನೇ ಈಗ ಮಾತಾಡಿದೆ ಅಂದ್ಯಲ್ಲ, ಚೆನ್ನಾಗಿದೀನಿ ಅಂದ್ಲಾ?"

ಚೆನ್ನಾಗಿಲ್ಲ ಎಂದೂ ಹೇಳಿರಲಿಲ್ಲ.

"ಭಾನುವಾರದ ಒಳಗೆ ಸುದ್ದಿ ಬರದಿದ್ರೆ ನಾನೇ ಗುಡ್ಡಕ್ಕೆ ಕರ್ಕೊಂಡು ಹೋಗ್ತೀನಿ ಬಿಡು," ಎಂದ ಬರ್ಲ್. ಕೆಟ್ಟವನಲ್ಲ.

ಶುಕ್ರವಾರ ರಾತ್ರಿ ನಿಜವಾಗಿಯೂ ಹಿಮ ಬಿತ್ತು. ಭಾನುವಾರ ಚರ್ಚು ಮುಗಿದ ಮೇಲೆ ಬರ್ಲ್‌ನ ಜೀಪಿನಲ್ಲಿ ಇಬ್ಬರೂ ಪೈಲಟ್ ಗುಡ್ಡ ಹತ್ತಿದರು. ಟ್ರೇಲರಿನ ಹೊರಗೆ ರಾಯ್ಸ್‌ನ ಮಾವ ಸೌದೆ ಒಡೆಯುತ್ತಿದ್ದ. ಅಂಗಳದಲ್ಲಿ ಪಿಕಪ್ ಇರಲಿಲ್ಲ. ದಾರಿಯ ಹಿಮದ ಮೇಲೆ ಜೀಪಿನದು ಬಿಟ್ಟು ಬೇರೆ ಚಕ್ರದ ಗುರುತಿರಲಿಲ್ಲ.

"ರಾಯ್ಸಾ?" ಮುದುಕ ಕೊಡಲಿ ಊರಿ ನಿಂತ. "ಅವನು ಇಲ್ಲಿಗೆ ಬರ್ತೀನಿ ಅಂದವನೇ ಅಲ್ಲ. ಅವನನ್ನ ನೋಡಿ ಎರಡು ವರ್ಷ ಆಯ್ತು. ಯಾರು ಹೇಳಿದ್ದು ನಿಮಗೆ?"

ಬರ್ಲ್ ಒಳಗೆ ಹೋಗಿ ನೋಡಿ ಬಂದ. ಒಂದು ಮಂಚ, ಒಂದು ಸ್ಟೌವ್, ಮುದುಕನ ಬೂಟು. ಟ್ರೆಸ್ಸಾ ಜೀಪಿನಿಂದ ಇಳಿಯಲೇ ಇಲ್ಲ. ಬರ್ಲ್ ವಾಪಸು ಬಂದು ಕುಳಿತು, ಜೇಬಿನಿಂದ ಪುಸ್ತಕ ತೆಗೆದು, ಕಾಣೆಯಾದವರು ಎಷ್ಟು ಮಂದಿ ಎಂದು ಕೇಳಿದ.

ಜನೀನ್ ಮತ್ತು ಓಪಲ್, ಇಬ್ಬರು. ಲೋರ್ನಾ ಪೀವಿ ಮತ್ತು ಅವಳ ಮಗುವನ್ನು ಸೇರಿಸಿದರೆ ನಾಲ್ವರು.