ಮೊದಲು ತಾವೋ?

ಜೀವಮಾನದಲ್ಲಿ ನಾನು ಗೆದ್ದದ್ದು ಒಂದೇ ಒಂದು ಬಟ್ಟಲು. ಹಿತ್ತಾಳೆಯದು, ಎರಡು ಕಿವಿಯುಳ್ಳದ್ದು. ಚೀನಾದವರು ನಮಗಿನ್ನೂ ಅಣ್ಣತಮ್ಮಂದಿರಾಗಿದ್ದ ೧೯೫೮ರಲ್ಲಿ, ಶಿವಮೊಗ್ಗದ ಕಾಲೇಜೊಂದರ ಚರ್ಚಾಸ್ಪರ್ಧೆಗೆ ಇಟ್ಟ ವಿಷಯ ಹೀಗಿತ್ತು: 'ಲೋಕಕ್ಕೆ ಮೊದಲು ಬೇಕಾದದ್ದು ಕನ್‌ಫ್ಯೂಷಿಯಸ್ಸನ ಮಾರ್ಗವೋ, ತಾವೋ ಮಾರ್ಗವೋ?' ಇವೆರಡರ ಕುರಿತು ಊರಿಗೆಲ್ಲ ಇದ್ದದ್ದು ಒಂದೇ ಇಂಗ್ಲಿಷ್ ಪುಸ್ತಕ. ಅದರ ನಡುವಿನ ಪುಟಗಳನ್ನು ನನಗಿಂತ ಮೊದಲು ಗೆದ್ದಲು ಓದಿ ಮುಗಿಸಿತ್ತು. ಉಳಿದುದನ್ನು ನಿಘಂಟಿನ ನೆರವಿನಿಂದ ಕಂಠಸ್ಥ ಮಾಡಿ, ತುಂಗೆಯಲ್ಲಿ ಮೀಯುತ್ತಿದ್ದ ಎಮ್ಮೆಗಳನ್ನೇ ಸಭಿಕರೆಂದು ಭಾವಿಸಿ ಅಭ್ಯಾಸ ಮಾಡಿದೆ. ಅಷ್ಟು ಗಂಭೀರವಾದ ಶ್ರೋತೃವರ್ಗ ನನಗೆ ಮತ್ತೆಂದೂ ದೊರೆಯಲಿಲ್ಲ.

ನಾನು ಕನ್‌ಫ್ಯೂಷಿಯಸ್ಸನ ಪರ. ಮನುಷ್ಯ ಹುಟ್ಟುವುದೇ ಸಂಬಂಧಗಳ ನಡುವೆ. ತಂದೆ ತಂದೆಯಂತೆ, ಮಗ ಮಗನಂತೆ, ದೊರೆ ದೊರೆಯಂತೆ ನಡೆದುಕೊಂಡರೆ ಲೋಕ ತಾನಾಗಿ ನೆಟ್ಟಗಾಗುತ್ತದೆ. ವಿಧಿ, ಮರ್ಯಾದೆ, ಕಲಿಕೆಗಳಿಂದಲೇ ಒರಟು ಜೀವ ಮನುಷ್ಯನಾಗುವುದು ಎಂದು ವಾದಿಸಿ, ಸಕ್ರೆಬೈಲು ಬಿಡಾರದ ಪಳಗಿದ ಆನೆಯನ್ನು ಸಾಕ್ಷಿಗೆ ಕರೆದೆ. "ಕಾಡಿನಲ್ಲಿ ಅದು ಬರಿಯ ಗಾತ್ರ; ಮಾವುತನ ಶಿಕ್ಷಣದಿಂದ ಗಜರಾಜ" ಎಂಬ ವಾಕ್ಯಕ್ಕೆ ಬಿದ್ದ ಚಪ್ಪಾಳೆ ಈಗಲೂ ನನ್ನ ಕಿವಿಯಲ್ಲಿದೆ.

ತಾವೋ ಪರವಾಗಿ ಎದ್ದವನು ನನ್ನ ಸಹಪಾಠಿ ಚೌಡಪ್ಪ, ಭದ್ರಾವತಿಯ ಓಲ್ಡ್ ಟೌನಿನವನು. ತಾವೋ ಎಂದರೆ ದಾರಿ. ಆ ದಾರಿಗೆ ಮೈಲಿಗಲ್ಲಿಲ್ಲ. ನೀರಿನಂತೆ ತಗ್ಗನ್ನು ಹುಡುಕು, ಯಾರಿಗೂ ಮುಂದಾಗಬೇಡ, ನೆಟ್ಟಗೆ ಬೆಳೆದ ಮರಕ್ಕೇ ಕೊಡಲಿ ಬೀಳುವುದು. ಇದನ್ನೆಲ್ಲ ಅವನು ವಿವರಿಸಬೇಕಿತ್ತು. ವಿವರಿಸಲಿಲ್ಲ. "ಆನೆಗೆ ಸ್ನಾನ ಮಾಡೋದು ಮೊದಲೇ ಗೊತ್ತಿತ್ತು. ಕಲಿತೋನು ಮಾವುತ" ಎಂದು, ಮೇಜಿನ ಮೇಲಿದ್ದ ಲೋಟದ ನೀರನ್ನು ಕುಡಿದು, ಲೋಟವನ್ನು ಬೋರಲು ಹಾಕಿ ಕುಳಿತುಬಿಟ್ಟ. ತೀರ್ಪುಗಾರರು ಬಟ್ಟಲನ್ನು ನನಗೆ ಕೊಟ್ಟರು. ವೇದಿಕೆಯಿಂದ ಇಳಿಯುವಾಗ ಅವನು ನನ್ನ ಹೆಗಲು ತಟ್ಟಿದ.

"ಬಟ್ಟಲು ನಿಂದು ಮಾರಾಯ. ಅದರೊಳಗಿನ ಖಾಲಿ ನಂದು. ಖಾಲಿ ಇಲ್ದಿದ್ರೆ ಅದು ಬಟ್ಟಲೇ ಅಲ್ಲ."

ಈ ಒಂದು ಮಾತಿನ ತೂತಿನಿಂದ ನನ್ನ ಗೆಲುವು ನಲವತ್ತು ವರ್ಷ ಸೋರಿತು. ಬಸ್ ನಿಲ್ದಾಣವಿರಲಿ, ಸಾವಿನ ಮನೆಯಿರಲಿ, ಕಂಡಲ್ಲೆಲ್ಲ "ನನ್ನ ಖಾಲಿ ಚೆನ್ನಾಗಿದೆಯೇನೋ?" ಎಂದು ವಿಚಾರಿಸುವನು. ನನ್ನ ಪತ್ನಿ ಶೇಷಮ್ಮ ಬಟ್ಟಲಿಗೆ ಒಣಮೆಣಸಿನಕಾಯಿ ತುಂಬಿ, ವಿವಾದವನ್ನು ತನ್ನ ಮಟ್ಟಿಗೆ ಮುಗಿಸಿದ್ದಳು.

೧೯೯೮ರಲ್ಲಿ ನನ್ನ ಮಗಳು ರಂಜಿನಿ, ಭದ್ರಾವತಿಯ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದವಳು, ಊಟದ ನಡುವೆ ಹೇಳಿದಳು: "ಅಪ್ಪ, ನಾನು ಮದುವೆ ಅಂತ ಆದ್ರೆ ಆನಂದ್‌ನ. ಇಲ್ಲಾಂದ್ರೆ ಹೀಗೇ ಇರ್ತೀನಿ."

"ಯಾವ ಆನಂದ?"

"ಚೌಡಪ್ಪ ಮಾವನ ಮಗ."

ಸಾರು ನೆತ್ತಿಗೇರಿತು. ಆದರೂ ವಿಧಿ ವಿಧಿಯೇ. ಹೆಣ್ಣಿನ ತಂದೆ ತಾನಾಗಿ ಹೋಗಿ ಕೇಳಬೇಕು. ಇಸ್ತ್ರಿಯಾದ ಪಂಚೆಯುಟ್ಟು, ಹಣ್ಣು ಕಾಯಿ ಹಿಡಿದು ಓಲ್ಡ್ ಟೌನಿಗೆ ಹೋದೆ. ಚೌಡಪ್ಪ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಮಂದಿ ಬಂದುಹೋಗುವ ವೇಳೆ ಬರೆಯುತ್ತ, ತಾನು ಮಾತ್ರ ಎಂದೂ ವೇಳೆಗೆ ಹೋಗದೆ ನಿವೃತ್ತನಾದವನು. ಭದ್ರೆಗೆ ಕಾಲಿಳಿಬಿಟ್ಟು ಸೋಪಾನದ ಮೇಲೆ ಕುಳಿತಿದ್ದ.

"ತಮ್ಮಲ್ಲಿ ಒಂದು ವಿಜ್ಞಾಪನೆ" ಎಂದೆ.

ಅವನು ಹಿಂದೆ ಮುಂದೆ ನೋಡಿದ. "ಯಾರನ್ನ ಮಾತಾಡಿಸ್ತಿದೀಯೋ?"

"ತಮ್ಮನ್ನೇ."

"ಲೋ ಮೂರ್ತಪ್ಪ, ಇಷ್ಟು ವರ್ಷ 'ಲೋ ಚೌಡ' ಅಂತಿದ್ದೋನು ಇವತ್ತೇನೋ ತಾವು? ಜ್ವರ ಗಿರ ಬಂದಿದೆಯಾ?"

"ಸಂಬಂಧ ಬದಲಾದರೆ ಸಂಬೋಧನೆಯೂ ಬದಲಾಗಬೇಕು. ತಾವಿನ್ನು ನನಗೆ ಬೀಗರು."

"ಬೀಗ ಜಡಿಯೋಕೇ ಬಂದಿದೀಯ ಅನ್ನು." ಹಣ್ಣಿನ ಚೀಲಕ್ಕೆ ಕೈಹಾಕಿ ಬಾಳೆಹಣ್ಣೊಂದನ್ನು ಸುಲಿದ. "ಹುಡುಗರು ಅವರಾಗೇ ಒಪ್ಕೊಂಡಾಗಿದೆ. ನಾನ್ಯಾಕೆ ನದೀನ ತಳ್ಳಲಿ? ಬರ್ತೀವಿ, ನಿಶ್ಚಯ ಇಟ್ಕೊ."

ಹೀಗೆ ಒಂದು ಶುಕ್ರವಾರ ಬೆಳಿಗ್ಗೆ ದುರ್ಗಿಗುಡಿಯ ನಮ್ಮ ಮನೆಯಲ್ಲಿ ನಿಶ್ಚಿತಾರ್ಥ. ಮೊದಲು ಉಪಾಹಾರ, ಆಮೇಲೆ ತಾಂಬೂಲ ಬದಲಾವಣೆ. ಹತ್ತೂವರೆಗೆ ರಾಹುಕಾಲ; ಅಷ್ಟರೊಳಗೆ ಎಲ್ಲ ಮುಗಿಯಬೇಕು. ಚೌಡಪ್ಪನ ತಂಗಿ ಬಂಗಾರಮ್ಮ ಮೆಟ್ಟಿಲೇರುವಾಗಲೇ ಎಚ್ಚರಿಸಿದ್ದಳು: "ರಾಹುಕಾಲ ಹಿಡೀತು ಅಂದ್ರೆ ನಾವು ಎದ್ವಿ. ತರೀಕೆರೆ ಹುಡುಗಿ ಜಾತಕ ನನ್ನ ಬ್ಯಾಗಲ್ಲೇ ಇದೆ."

ಎಲೆ ಹಾಕಿ ಉಪ್ಪಿಟ್ಟು, ಕೇಸರಿಬಾತು ಬಡಿಸಿಯಾಯಿತು. ಚೌಡಪ್ಪ ಹಟಮಾಡಿ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡ. ಗಂಡಿನ ತಂದೆ ಎಲೆಗೆ ಕೈಯಿಡದೆ ಹೆಣ್ಣಿನ ಕಡೆಯವರು ಮುಟ್ಟುವಂತಿಲ್ಲ. ಹಿರಿಯರಿಬ್ಬರೂ ಮುಟ್ಟದೆ ಪಂಕ್ತಿಯಲ್ಲಿ ಯಾರೂ ಮುಟ್ಟುವಂತಿಲ್ಲ. ನಾನು ಕೈಜೋಡಿಸಿದೆ.

"ಮೊದಲು ತಾವು."

"ನಾನು ಯಾರಿಗೂ ಮುಂದಾಗೋನಲ್ಲ. ನೀನು ಶುರು ಮಾಡು."

"ಸಾಧ್ಯವಿಲ್ಲ. ಮೊದಲು ತಾವು."

"ನೀರು ಯಾವತ್ತಾದ್ರೂ ಗುಡ್ಡ ಹತ್ತಿದ್ದು ನೋಡಿದೀಯಾ? ಕೊನೇಲಿ ತಿಂತೀನಿ."

ಕೇಸರಿಬಾತಿನ ತುಪ್ಪ ಗಟ್ಟಿಯಾಯಿತು. ಉಪ್ಪಿಟ್ಟು ಎಲೆಯ ಮೇಲೆ ಸಮಾಧಿಸ್ಥಿತಿಗೆ ಸಂದಿತು. ಎರಡು ಸಾವಿರ ವರ್ಷ ಚೀನಾದೇಶವನ್ನು ಜಗ್ಗಾಡಿದ ಎರಡು ಮಹಾಮತಗಳು ದುರ್ಗಿಗುಡಿಯ ನಡುಮನೆಯಲ್ಲಿ ಹಸಿದು ಕುಳಿತಿದ್ದವು. ನಾನು ಬಾಗಿದಷ್ಟೂ ಅವನು ಬಾಗುವನು. ವಿನಯದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಕೆಳಕ್ಕೆ ತುಳಿಯುತ್ತಿದ್ದೆವು. ಪಂಕ್ತಿಯ ಕೊನೆಯಿಂದ ಯಾರೋ, "ಇಬ್ಬರಿಗೂ ಡಾಕ್ಟ್ರು ಪಥ್ಯ ಹೇಳಿದಾರಾ?" ಎಂದರು. ಆನಂದ್, "ಅಪ್ಪಾ, ಒಂದು ತುತ್ತು ಬಾಯಿಗಿಡಿ, ದಮ್ಮಯ್ಯ" ಎಂದು ಗೋಗರೆದ. ಬಂಗಾರಮ್ಮ ಗಡಿಯಾರ ನೋಡಿ, ಬ್ಯಾಗನ್ನು ಮಡಿಲಿಗೆ ಎಳೆದುಕೊಂಡು, "ಆಯ್ತು, ತರೀಕೆರೇನೇ ಋಣ ಅಂತ ಕಾಣುತ್ತೆ" ಎಂದಳು.

ಆಗ ರಂಜಿನಿ ಚಟ್ನಿಯ ಪಾತ್ರೆ ಹಿಡಿದು ಬಂದಳು. ನನ್ನ ಎಲೆಯ ಮೇಲೆ ಬಾಗಿದಾಗಲೂ ಅವಳ ಕಣ್ಣು ಬಂಗಾರಮ್ಮನ ಬ್ಯಾಗಿನ ಮೇಲೇ ಇತ್ತು. ಚಟ್ನಿ ಎಲೆಯ ಬದಲು ನನ್ನ ಪಂಚೆಗೆ ಬಿತ್ತು.

"ಅಪ್ಪ," ಎಂದಳು ಮೆಲ್ಲಗೆ, "ಮೊದಲು ತಾವು, ಮೊದಲು ತಾವು ಅಂತ ಅಪ್ಪಣೆ ಕೊಡೋ ಹಾಗೆ ಹೇಳ್ತಿದೀರ. ಬೀಗರಿಗೆ ಅಪ್ಪಣೆ ಕೊಡಬಹುದಾ? ಕೇಳಿ. ಪ್ರಶ್ನೆಯ ಹಾಗೆ ಕೇಳೋದು ಇನ್ನೂ ಮರ್ಯಾದೆ."

ಮಾತು ವ್ಯಾಕರಣಬದ್ಧವಾಗಿತ್ತು. ವಿಧ್ಯರ್ಥಕ್ಕಿಂತ ಪ್ರಶ್ನಾರ್ಥ ವಿನಯಕ್ಕೆ ಹತ್ತಿರವೆಂದು ನಾನೇ ಮೂವತ್ತು ವರ್ಷ ಕನ್ನಡ ತರಗತಿಯಲ್ಲಿ ಬೋಧಿಸಿದ್ದೆ. ಪದದ ಕೊನೆಗೆ ಒಂದು ಓಕಾರ ಸೇರಿಸಿದರೆ ಸಾಕು. ಕೈಜೋಡಿಸಿ, ತಲೆಬಾಗಿ, ಇಡೀ ಸಭೆಗೆ ಕೇಳುವಂತೆ ಕೇಳಿದೆ:

"ಮೊದಲು ತಾವೋ?"

ಚೌಡಪ್ಪನ ಕಣ್ಣುಗಳು ಲೋಟದಷ್ಟಾದವು. "ಏನಂದೆ?"

"ಮೊದಲು ತಾವೋ?"

"ಬಂಗಾರೀ! ಕೇಳಿದ್ಯೇನೇ? ಒಪ್ಕೊಂಡ! ಮೊದಲು ತಾವೋ ಅಂತೆ! ಅವನ ಬಾಯಲ್ಲೇ ಬಂತು! ಐವತ್ತೆಂಟರಿಂದ ಕಾಯ್ತಿದ್ದೆ ಕಣೇ!" ಎಂದು ಕೂಗುತ್ತ, ಆನಂದಾತಿರೇಕದಲ್ಲಿ ಕೇಸರಿಬಾತಿನ ಒಂದು ದೊಡ್ಡ ಉಂಡೆಯನ್ನೇ ಬಾಯಿಗೆ ತುಂಬಿಕೊಂಡ.

ಅಣೆಕಟ್ಟು ಒಡೆದಂತೆ ಪಂಕ್ತಿ ಉಪ್ಪಿಟ್ಟಿನ ಮೇಲೆ ಬಿತ್ತು.

"ಅದು ಪ್ರಶ್ನೆ ಕಣೋ ಚೌಡ!" ಎಂದು ನಾನು ಎದ್ದು ನಿಂತೆ. "ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇತ್ತು!"

"ನಂಗೆ ಕೇಳಿಸ್ಲಿಲ್ಲ ಮಾರಾಯ. ಚಿಹ್ನೆಗೆ ಸದ್ದಿರಲ್ಲ."

"ಯಾರಿಗೂ ಮುಂದಾಗದವನು ಎಲ್ಲರಿಗಿಂತ ಮೊದಲು ತಿಂದೆಯಲ್ಲೋ! ಎಲ್ಲಿ ಹೋಯಿತು ನಿನ್ನ ತಾವೋ?"

ಅಗಿಯುತ್ತಿದ್ದ ದವಡೆ ನಿಂತಿತು. ಉಂಡೆ ಹೊರಬರುವ ಹಾಗಿರಲಿಲ್ಲ, ಒಳಹೋಗಲು ನಾಚುತ್ತಿತ್ತು. ಕಡೆಗೆ ನುಂಗಿ, ನನ್ನನ್ನು ಆಪಾದಮಸ್ತಕ ನೋಡಿದ.

"ನೀನು ನನ್ನ 'ಲೋ' ಅಂದ್ಯಲ್ಲ. ಎಲ್ಲಿ ಹೋಯ್ತು ನಿನ್ನ ತಾವು?"

ನಾವು ಹೀಗೆ ಜಗ್ಗಾಡುತ್ತಿದ್ದಾಗಲೇ ಶೇಷಮ್ಮ ಬಂಗಾರಮ್ಮನ ಕೈಗೆ ತಾಂಬೂಲದ ತಟ್ಟೆ ಹಿಡಿಸಿ, ರಾಹುವಿಗಿಂತ ಮೊದಲು ಕಾರ್ಯ ಮುಗಿಸಿಬಿಟ್ಟಳು. ಜಾತಕ ತರೀಕೆರೆಗೆ ಮರಳಿತು.

ಸಂಜೆ ರಂಜಿನಿಯನ್ನು ಕರೆದು ಕೇಳಿದೆ: "ಓಕಾರ ಸೇರಿಸಿದರೆ ಏನಾಗುತ್ತದೆಂದು ನಿನಗೆ ಗೊತ್ತಿತ್ತೇ?"

"ಪಂಚೆ ಬಿಚ್ಚಿಕೊಡಿ ಅಪ್ಪ, ಚಟ್ನಿ ಕಲೆ ಒಣಗಿದ್ರೆ ಹೋಗಲ್ಲ" ಎಂದಳು.

ಆ ಮದುವೆ ಚೆನ್ನಾಗಿ ಬಾಳಿತು. ತನ್ನನ್ನು ಗೆಲ್ಲಿಸಿದ್ದು ನನ್ನ ಬಾಯೆಂದು ಚೌಡಪ್ಪ ಭದ್ರಾವತಿಯ ತುಂಬ ಸಾರಿದ. ತನ್ನ ಮತವನ್ನು ತಾನೇ ಕೇಸರಿಬಾತಿನ ಜೊತೆ ನುಂಗಿದನೆಂದು ನಾನು ಶಿವಮೊಗ್ಗದ ತುಂಬ ಸಾರಿದೆ. ರಂಜಿನಿಯ ಮಗಳು ಈಗ ಏಳು ವರ್ಷದವಳು. ರಜೆಯಲ್ಲಿ ಅರ್ಧ ದಿನ ಅಲ್ಲಿ, ಅರ್ಧ ದಿನ ಇಲ್ಲಿ. ನಿನ್ನೆ ಮೆಣಸಿನಕಾಯಿಗಳನ್ನು ಮೊರಕ್ಕೆ ಸುರಿದು, ಬಟ್ಟಲನ್ನು ಟೊಪ್ಪಿಗೆಯಂತೆ ತಲೆಗೆ ಹಾಕಿಕೊಂಡು, ಸೀನುತ್ತ ನನ್ನೆದುರು ಬಂದು ಕುಳಿತಳು. ಇಡೀ ಕಥೆಯನ್ನು ಕ್ರಮವಾಗಿ, ಸ್ವರಭಾರ ತಪ್ಪದಂತೆ ಹೇಳಿದೆ.

ಅವಳು ಮೂಗೊರೆಸಿಕೊಂಡು ಯೋಚಿಸಿದಳು.

"ಭದ್ರಾವತಿ ಅಜ್ಜ ಹೇಳಿದ್ದೇ ಸರಿ ಅನ್ಸುತ್ತೆ. ಆ ಪ್ರಶ್ನಾರ್ಥಕ ಚಿಹ್ನೆ ನಂಗೂ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಜ್ಜ, ಎಮ್ಮೆಯಿಂದ."